ಡ್ರಾಫ್ಟ್ ರಾತ್ರಿಯ ಮಾರ್ಕ್ಸ್ ನಂಬಬೇಡಿ

ಅಮೆರಿಕನ್ ಫುಟ್‌ಬಾಲ್ ಬಗ್ಗೆ, ಅದರ ದೊಡ್ಡ ಲೀಗ್ ಎನ್‌ಎಫ್‌ಎಲ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ. ಉತ್ತರಿಸಿದವರು ಅರಸೀಕೆರೆಯವರು. ಈಗ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ಪಕ್ಕದ ನೋವೈ ಊರಿನಲ್ಲಿದ್ದಾರೆ. ಕಾರಿನ ಬ್ರೇಕ್ ಪರೀಕ್ಷೆ ಮಾಡುವ ಕೆಲಸದಿಂದ ನಿವೃತ್ತಿ. ಡೆಟ್ರಾಯ್ಟ್ ಲಯನ್ಸ್ ತಂಡದ ಅಭಿಮಾನಿ.

ಪ್ರಶ್ನೆ: ಅಕ್ಕಾ, ಎನ್‌ಎಫ್‌ಎಲ್ ಡ್ರಾಫ್ಟ್ ಅಂದರೆ ನಮ್ಮ ಐಪಿಎಲ್ ಹರಾಜಿನ ಥರವೇ?
– ಓದುಗರು, ಹಾಸನ

ಅಲ್ಲ. ಹರಾಜಿನಲ್ಲಿ ಕೈಯಲ್ಲಿ ದುಡ್ಡಿದ್ದವರು ಕೂಗುತ್ತಾರೆ. ಇಲ್ಲಿ ಕೂಗುವುದೇ ಇಲ್ಲ, ಸರದಿ ಮಾತ್ರ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದವರಿಗೆ ಸುತ್ತಿನ ಕೊನೆಯದು, 32ನೆಯದು. ಹೀಗೆ ಏಳು ಸುತ್ತು. ಕಾಲೇಜು ಫುಟ್‌ಬಾಲ್ ಆಡಿದ ಹುಡುಗರಲ್ಲಿ ಸುಮಾರು 260 ಮಂದಿಗೆ ಕರೆ ಬರುತ್ತದೆ. ಯಾವ ಊರಿಗೆ ಹೋಗಬೇಕು ಅನ್ನುವುದು ಹುಡುಗನ ಕೈಯಲ್ಲಿಲ್ಲ.

ಇದು ಶುರುವಾಗಿದ್ದು 1936ರಲ್ಲಿ, ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ. ಐಡಿಯಾ ಅಲ್ಲಿನ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಅವರದು. ಒಳ್ಳೆಯ ಹುಡುಗರೆಲ್ಲ ಗೆಲ್ಲುವ ತಂಡಗಳಿಗೇ ಹೋಗುತ್ತಿದ್ದರು, ಇವರ ತಂಡಕ್ಕೆ ಯಾರೂ ಬರುತ್ತಿರಲಿಲ್ಲ. ಅದಕ್ಕೇ ಈ ಉಪಾಯ. ತಮಾಷೆ ಏನು ಗೊತ್ತಾ? ಆ ವರ್ಷ ಮೊಟ್ಟಮೊದಲು ಆಯ್ಕೆಯಾದವನು ಜೇ ಬರ್ವ್ಯಾಂಗರ್. ಅವನು ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಆಟ ಆಡಲಿಲ್ಲ. ಮೊದಲ ದಿನವೇ ಡ್ರಾಫ್ಟ್ ತನ್ನ ಬುದ್ಧಿ ತೋರಿಸಿತು ನೋಡಿ.

ದುಡ್ಡಿನ ವಿಷಯ: ಎಷ್ಟನೇ ನಂಬರಿಗೆ ಎಷ್ಟು ಸಂಬಳ ಅನ್ನುವುದು ಈಗ ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತದೆ. 2010ರಲ್ಲಿ ಮೊದಲನೆಯವನಾಗಿ ಬಂದ ಸ್ಯಾಮ್ ಬ್ರಾಡ್‌ಫರ್ಡ್‌ಗೆ 5 ಕೋಟಿ ಡಾಲರ್ ಖಾತ್ರಿ ಸಿಕ್ಕಿತ್ತು. ಮರುವರ್ಷ ನಿಯಮ ಬದಲಾಯಿತು. ಕ್ಯಾಮ್ ನ್ಯೂಟನ್ ಅದೇ ಮೊದಲ ನಂಬರಿಗೆ ಬಂದ, ಸಿಕ್ಕಿದ್ದು ಸುಮಾರು 2.2 ಕೋಟಿ.

ಪ್ರಶ್ನೆ: ಗೆಲ್ಲುವ ತಂಡಗಳು ಅಷ್ಟೊಂದಿರುವಾಗ ಲಯನ್ಸ್ ಯಾಕೆ?
– ಓದುಗರು, ತುಮಕೂರು

ಆರ್‌ಸಿಬಿ ಅಭಿಮಾನಿಗಳಿರುವ ರಾಜ್ಯದಿಂದ ಈ ಪ್ರಶ್ನೆ ಬರಬಾರದಿತ್ತು! ನೀವು 2008ರಿಂದ 2025ರವರೆಗೆ ಕಾದಿರಿ. ಕೊನೆಗೆ ಪಂಜಾಬ್ ಮೇಲೆ 6 ರನ್‌ನಿಂದ ಗೆದ್ದಿರಿ, ನಾನೂ ಇಲ್ಲಿ ಕುಣಿದೆ. ಲಯನ್ಸ್ ಕೊನೆಯ ಸಲ ಚಾಂಪಿಯನ್ ಆಗಿದ್ದು 1957ರಲ್ಲಿ. ಆಗ ಸೂಪರ್ ಬೌಲ್ ಅನ್ನುವುದೇ ಇರಲಿಲ್ಲ. ಸೂಪರ್ ಬೌಲ್ ಶುರುವಾದ ಮೇಲೆ ಇವರು ಅದರೊಳಗೆ ಕಾಲಿಟ್ಟೇ ಇಲ್ಲ. 2008ರಲ್ಲಿ 16 ಆಟ ಆಡಿ 16ನ್ನೂ ಸೋತರು. ಎನ್‌ಎಫ್‌ಎಲ್‌ನಲ್ಲಿ ಅದಕ್ಕೂ ಮುಂಚೆ ಯಾರೂ 0-16 ಮಾಡಿರಲಿಲ್ಲ.

ಆದರೆ ನಾನು ಇರುವ ಊರು ಇದು. ನಮ್ಮ ಕಡೆಯ ಎಷ್ಟೋ ಜನ ಇಲ್ಲಿಗೆ ಬಂದಿದ್ದೇ ಕಾರು ಕಂಪನಿಗಳ ಕೆಲಸಕ್ಕೆ. ಇಲ್ಲಿ ಪಂಪ ಕನ್ನಡ ಕೂಟ ಅಂತ ನಮ್ಮದೇ ಸಂಘವೂ ಇದೆ. ತಂಡದ ಮಾಲೀಕರು ಫೋರ್ಡ್ ಮನೆತನದವರು, ಆಡುವ ಜಾಗದ ಹೆಸರು ಫೋರ್ಡ್ ಫೀಲ್ಡ್. ಸೋಮವಾರ ಆಫೀಸಿನ ಕ್ಯಾಂಟೀನಿನಲ್ಲಿ ಮಾತು ಇದೊಂದೇ. ಅಲ್ಲಿ ಕೂತು ಕಾನ್ಸಾಸ್ ಸಿಟಿ ತಂಡವನ್ನು ಹೊಗಳಿದರೆ ಯಾರು ಮಾತಾಡಿಸುತ್ತಾರೆ?

ಪ್ರಶ್ನೆ: ಡ್ರಾಫ್ಟ್ ಮುಗಿದ ಮರುದಿನ ಪ್ರತಿ ತಂಡಕ್ಕೂ ಎ, ಬಿ, ಸಿ ಅಂತ ಗ್ರೇಡ್ ಕೊಡುತ್ತಾರಲ್ಲ, ಅದು ಎಷ್ಟು ಸರಿ?
– ಓದುಗರು, ಬೆಂಗಳೂರು

ಸುಮ್ನೆ ಓದಿ ನಗಿ, ಅಷ್ಟೆ. ಹುಡುಗ ಒಂದು ಚೆಂಡೂ ಮುಟ್ಟಿರುವುದಿಲ್ಲ. ಮೂರು ವರ್ಷ ಬಿಟ್ಟು ಮಾರ್ಕ್ಸ್ ಹಾಕಿದರೆ ನಾನು ಒಪ್ಪುತ್ತೇನೆ.

ನಮ್ಮ 2023ರ ಡ್ರಾಫ್ಟನ್ನೇ ತಗೊಳ್ಳಿ. ಲಯನ್ಸ್ ಬಳಿ 6ನೇ ಆಯ್ಕೆ ಇತ್ತು. ಅದನ್ನು ಅರಿಜೋನಾ ತಂಡಕ್ಕೆ ಕೊಟ್ಟು 12ಕ್ಕೆ ಇಳಿದರು, ಜೊತೆಗೆ ಅವರ 34ನೆಯದನ್ನೂ ಪಡೆದರು. 12ರಲ್ಲಿ ಜಮೀರ್ ಗಿಬ್ಸ್ ಅನ್ನುವ ರನ್ನಿಂಗ್ ಬ್ಯಾಕ್‌ನನ್ನು (ಚೆಂಡು ಹಿಡಿದು ಓಡುವವನು) ತಗೊಂಡರು, 18ರಲ್ಲಿ ಜ್ಯಾಕ್ ಕ್ಯಾಂಪ್‌ಬೆಲ್ ಅನ್ನುವ ಲೈನ್‌ಬ್ಯಾಕರ್‌ನನ್ನು (ಎದುರಾಳಿಯನ್ನು ತಡೆಯುವವನು). ಟೀವಿ ಪಂಡಿತರು ತಲೆ ಚಚ್ಚಿಕೊಂಡರು. ಮೊದಲ ಸುತ್ತಿನಲ್ಲಿ ಈ ಎರಡು ಜಾಗಕ್ಕೆ ಯಾರಾದರೂ ಖರ್ಚು ಮಾಡುತ್ತಾರಾ ಅಂತ. ಇಳಿದಿದ್ದಕ್ಕೆ ಸಿಕ್ಕ 34ರಲ್ಲಿ ಟೈಟ್ ಎಂಡ್ (ಅಡ್ಡ ನಿಲ್ಲುವುದು, ಚೆಂಡು ಹಿಡಿಯುವುದು ಎರಡೂ ಮಾಡುವವನು) ಸ್ಯಾಮ್ ಲಪೋರ್ಟಾ ಬಂದ. 45ರಲ್ಲಿ ರಕ್ಷಣೆಯ ಆಟಗಾರ ಬ್ರಯಾನ್ ಬ್ರಾಂಚ್.

ಆಮೇಲೇನಾಯಿತು? ಬ್ರಾಂಚ್ ತನ್ನ ಮೊದಲ ಆಟದಲ್ಲೇ, ಅದೂ ಕಾನ್ಸಾಸ್ ಸಿಟಿಯಲ್ಲೇ, ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಮಹೋಮ್ಸ್ ಎಸೆದ ಚೆಂಡನ್ನು ಕಿತ್ತುಕೊಂಡು ಓಡಿ ಎದುರಾಳಿಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ನಾವು 21-20ರಲ್ಲಿ ಗೆದ್ದೆವು. ಎದುರಿದ್ದವರು ಆಗಿನ ಚಾಂಪಿಯನ್ನರು. ಲಪೋರ್ಟಾ ಮೊದಲ ವರ್ಷವೇ 86 ಕ್ಯಾಚ್ ಹಿಡಿದ. ಹೊಸ ಟೈಟ್ ಎಂಡ್ ಯಾರೂ ಅಲ್ಲಿಯವರೆಗೆ ಅಷ್ಟು ಹಿಡಿದಿರಲಿಲ್ಲ. ಗಿಬ್ಸ್ 2024ರಲ್ಲಿ 20 ಟಚ್‌ಡೌನ್ ಹೊಡೆದ. ಆ ಪಂಡಿತರು ಈಗ ಇವರನ್ನೇ ಹಾಡಿ ಹೊಗಳುತ್ತಾರೆ.

ಕೆಳಗಿಳಿದು ಜಾಸ್ತಿ ಆಯ್ಕೆ ಪಡೆಯುವುದು ಯಾವಾಗಲೂ ಜಾಣತನ ಅಂತ ನನ್ನ ವಾದ. ನಮ್ಮ ಅರಸೀಕೆರೆ ಕಡೆ ಬೋರ್‌ವೆಲ್ ಪಾಯಿಂಟ್ ತೋರಿಸಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ತಿರುಗುವವರಿದ್ದಾರೆ. ಕಾಯಿ ಎದ್ದು ನಿಂತ ಕಡೆ ನೀರು ಅನ್ನುತ್ತಾರೆ. ಡ್ರಾಫ್ಟ್ ತಜ್ಞರೂ ಅದೇ ಜಾತಿ. ಅವರ ಕೈಲಿ ಕಾಯಿ ಬದಲು ಹುಡುಗರ ಓಟ ಅಳೆಯುವ ಸ್ಟಾಪ್‌ವಾಚ್ ಇರುತ್ತದೆ. ಒಂದೇ ಪಾಯಿಂಟಿಗೆ ಇದ್ದ ದುಡ್ಡೆಲ್ಲ ಸುರಿಯುವ ಬದಲು ಎರಡು ಕಡೆ ಕೊರೆಸಿ ಅನ್ನುವವಳು ನಾನು.

ಪ್ರಶ್ನೆ: ಲಯನ್ಸ್ ತನ್ನ ಕ್ವಾರ್ಟರ್‌ಬ್ಯಾಕ್ ಸ್ಟ್ಯಾಫರ್ಡ್‌ನನ್ನು ಬಿಟ್ಟುಕೊಟ್ಟಿದ್ದು ಸರಿಯೇ? ಬೇರೆ ತಂಡಕ್ಕೆ ಹೋದ ಮೊದಲ ಸೀಸನ್‌ನಲ್ಲೇ ಅವನು ಸೂಪರ್ ಬೌಲ್ ಗೆದ್ದುಬಿಟ್ಟನಲ್ಲ!
– ಓದುಗರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ನೂರಕ್ಕೆ ನೂರು ಸರಿ. ಮ್ಯಾಥ್ಯೂ ಸ್ಟ್ಯಾಫರ್ಡ್ 0-16 ಆದ ಮರುವರ್ಷ, 2009ರಲ್ಲಿ, ಮೊದಲ ಆಯ್ಕೆಯಾಗಿ ಬಂದವನು. ಹನ್ನೆರಡು ಸೀಸನ್ ಇಲ್ಲಿ ಪೆಟ್ಟು ತಿಂದ, ಒಂದು ಪ್ಲೇಆಫ್ ಆಟವನ್ನೂ ಗೆಲ್ಲಲಿಲ್ಲ. 2021ರ ಆರಂಭದಲ್ಲಿ ಲಾಸ್ ಏಂಜಲೀಸ್ ರಾಮ್ಸ್ ಜೊತೆ ಮಾತಾಯಿತು. ಅವನು ಅಲ್ಲಿಗೆ ಹೋದ. ಅವರ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್, ಎರಡು ಮೊದಲ ಸುತ್ತಿನ ಆಯ್ಕೆ, ಒಂದು ಮೂರನೇ ಸುತ್ತಿನದು ನಮಗೆ ಬಂತು. 2022ರ ಫೆಬ್ರುವರಿಯಲ್ಲಿ ಸ್ಟ್ಯಾಫರ್ಡ್ ಕಪ್ ಎತ್ತಿದಾಗ ನಮ್ಮ ಬೀದಿಯಲ್ಲಿ ಖುಷಿಪಟ್ಟವರೇ ಜಾಸ್ತಿ. ಹೊಟ್ಟೆಕಿಚ್ಚು ಯಾಕೆ? ನಮ್ಮ ಮನೆ ಹುಡುಗ ಪಟ್ಟಣಕ್ಕೆ ಹೋಗಿ ಗೆದ್ದ.

ನಮ್ಮ ಲಾಭ ನಿಧಾನವಾಗಿ ಬಂತು. ಮೇಲೆ ಹೇಳಿದ 6ನೇ ಆಯ್ಕೆ ಇತ್ತಲ್ಲ, ಅದು ರಾಮ್ಸ್ ಕೊಟ್ಟಿದ್ದೇ. ಅಂದರೆ ಗಿಬ್ಸ್ ಮತ್ತು ಲಪೋರ್ಟಾ ಇಬ್ಬರೂ ಸ್ಟ್ಯಾಫರ್ಡ್ ಬಿಟ್ಟುಹೋದ ಆಸ್ತಿ. ರಾಮ್ಸ್ ಕೊಟ್ಟ ಇನ್ನೊಂದು ಆಯ್ಕೆಯನ್ನೂ ಸೇರಿಸಿ ಕೊಟ್ಟು ಮೇಲೆ ಹತ್ತಿ 2022ರಲ್ಲಿ ಜೇಮ್ಸನ್ ವಿಲಿಯಮ್ಸ್‌ನನ್ನು ತಂದರು. ಇನ್ನು ಗಾಫ್. ರಾಮ್ಸ್‌ಗೆ ಬೇಡವಾಗಿದ್ದ ಮನುಷ್ಯ. 2024ರ ಜನವರಿಯಲ್ಲಿ ಅದೇ ರಾಮ್ಸ್, ಅದೇ ಸ್ಟ್ಯಾಫರ್ಡ್ ಡೆಟ್ರಾಯ್ಟ್‌ಗೆ ಬಂದರು. ನಾವು 24-23ರಲ್ಲಿ ಗೆದ್ದೆವು. 1992ರ ಜನವರಿಯಿಂದ ಈಚೆಗೆ ಲಯನ್ಸ್ ಗೆದ್ದ ಮೊದಲ ಪ್ಲೇಆಫ್ ಆಟ ಅದು. ಕ್ರೀಡಾಂಗಣವಿಡೀ 'ಜ್ಯಾರೆಡ್ ಗಾಫ್' ಅಂತ ಕೂಗಿತು. ಇದಕ್ಕಿಂತ ಒಳ್ಳೆಯ ವ್ಯಾಪಾರ ತೋರಿಸಿ ನೋಡೋಣ.

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊ ಎದುರಿನ ಆ ಸೋಲಿಗೆ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಅವರೇ ಕಾರಣ ಅಲ್ಲವೇ?
– ಅದೇ ಓದುಗರು

ನಿಮ್ಮ ಊರು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ್ದು ಅಂತ ನೋಡಿದಾಗಲೇ ಈ ಪ್ರಶ್ನೆ ಬರುತ್ತದೆ ಅಂದುಕೊಂಡೆ.

ಬೇರೆ ಓದುಗರಿಗಾಗಿ: 2024ರ ಜನವರಿ 28. ಗೆದ್ದರೆ ಸೂಪರ್ ಬೌಲ್. ಅರ್ಧ ಆಟಕ್ಕೆ ನಾವು 24-7 ಮುಂದೆ. ಕೊನೆಗೆ 34-31ರಲ್ಲಿ ಸೋತೆವು. ಎರಡನೇ ಅರ್ಧದಲ್ಲಿ ಎರಡು ಸಲ ಚೆಂಡು ಒದ್ದು ಮೂರು ಮೂರು ಪಾಯಿಂಟ್‌ಗೆ ಪ್ರಯತ್ನಿಸಬಹುದಿತ್ತು. ಕ್ಯಾಂಪ್‌ಬೆಲ್ ಒದೆಸಲಿಲ್ಲ, ನಾಲ್ಕನೇ ಡೌನ್‌ನಲ್ಲೂ, ಅಂದರೆ ಕೊನೆಯ ಯತ್ನದಲ್ಲೂ, ಆಡಿಸಿದರು. ಎರಡೂ ಸಲ ಕೈಕೊಟ್ಟಿತು.

ಮತ್ತೆ ಆ ಗಳಿಗೆ ಬಂದರೆ ಒದೆಸಿ ಅಂತ ನಾನು ಹೇಳುವುದಿಲ್ಲ. ಇಡೀ ವರ್ಷ ಅವರು ಹಾಗೇ ಆಡಿಸಿದ್ದು, ಹಾಗೇ ಅಲ್ಲಿಯವರೆಗೆ ಬಂದಿದ್ದು. ಮೊದಲ ಸಲ ಚೆಂಡು ನಮ್ಮ ಹುಡುಗನ ಕೈಗೆ ಬಂದು ಜಾರಿತು. ಜಾರಿದ್ದಕ್ಕೆ ಕೋಚ್ ಏನು ಮಾಡಬೇಕು? ಅಂದು ನಮ್ಮನ್ನು ಸೋಲಿಸಿದ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ. 2022ರ ಡ್ರಾಫ್ಟಿನಲ್ಲಿ 262ನೆಯವನು, ಅಂದರೆ ಕಟ್ಟಕಡೆಯವನು. ಅವನನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆ: ಲಯನ್ಸ್ ಮಾಡಿದ ಅತಿ ಕೆಟ್ಟ ಆಯ್ಕೆ ಯಾವುದು? ಅತಿ ಒಳ್ಳೆಯದು?
– ಓದುಗರು, ಶಿವಮೊಗ್ಗ

ಕೆಟ್ಟದ್ದು ಒಂದಲ್ಲ, ಮೂರರ ಸರಮಾಲೆ. ಮ್ಯಾಟ್ ಮಿಲೆನ್ ತಂಡ ನಡೆಸುತ್ತಿದ್ದ ಕಾಲ. 2003ರಲ್ಲಿ ಮೊದಲ ಸುತ್ತಿನಲ್ಲಿ ರಿಸೀವರ್. 2004ರಲ್ಲಿ ರಿಸೀವರ್. 2005ರಲ್ಲಿ ಮತ್ತೆ ರಿಸೀವರ್! ಚೆಂಡು ಹಿಡಿಯುವವರೇ ಎಲ್ಲ. ಎಸೆಯುವವನು? ಅವನನ್ನು ಕಾಯುವವರು? 2005ರಲ್ಲಿ ನಾವು 10ರಲ್ಲಿ ಮೈಕ್ ವಿಲಿಯಮ್ಸ್‌ನನ್ನು ತಗೊಂಡೆವು. 11ರಲ್ಲಿ ಡಲ್ಲಾಸ್‌ನವರು ಡಿಮಾರ್ಕಸ್ ವೇರ್‌ನನ್ನು ತಗೊಂಡರು. ವೇರ್ ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ, ಅಂದರೆ ದಿಗ್ಗಜರ ಸಾಲಿನಲ್ಲಿ. 2003ರ ಚಾರ್ಲ್ಸ್ ರಾಜರ್ಸ್ ಮಾತ್ರ ಬೇರೆ ಕಥೆ. ನಮ್ಮ ಮಿಷಿಗನ್ ಹುಡುಗ. ಎರಡು ವರ್ಷ ಸಾಲಾಗಿ ಕಾಲರ್ ಬೋನ್ ಮುರಿದುಕೊಂಡ. ಆಮೇಲೆ ಏಳಲೇ ಇಲ್ಲ, 2019ರಲ್ಲಿ ತೀರಿಕೊಂಡ. ಅವನ ಹೆಸರು ಹೇಳಿ ನಗುವವರ ಜೊತೆ ನಾನು ಸೇರುವುದಿಲ್ಲ.

ಒಳ್ಳೆಯದು ಅಂದರೆ ಎಲ್ಲರೂ 1989ರ ಬ್ಯಾರಿ ಸ್ಯಾಂಡರ್ಸ್ ಅನ್ನುತ್ತಾರೆ. ಮೂರನೇ ಆಯ್ಕೆ. ನಮಗಿಂತ ಮುಂಚೆ ಎರಡನೆಯದು ಗ್ರೀನ್ ಬೇ ಪ್ಯಾಕರ್ಸ್‌ಗೆ ಇತ್ತು. ಅವರು ಟೋನಿ ಮ್ಯಾಂಡರಿಚ್‌ನನ್ನು ತಗೊಂಡು ಬ್ಯಾರಿಯನ್ನು ನಮಗೆ ಬಿಟ್ಟರು. ಆ ವರ್ಷದ ಮೊದಲ ಐವರಲ್ಲಿ ಹಾಲ್ ಆಫ್ ಫೇಮ್ ಸೇರದವನು ಮ್ಯಾಂಡರಿಚ್ ಒಬ್ಬನೇ. ಪ್ಯಾಕರ್ಸ್ ಅಭಿಮಾನಿಗಳು ಜಾಸ್ತಿ ಹಾರಾಡಿದರೆ ಇದನ್ನು ನೆನಪಿಸಿ.

ನನ್ನ ವೋಟು ಮಾತ್ರ ಅಮನ್-ರಾ ಸೇಂಟ್ ಬ್ರೌನ್‌ಗೆ. 2021, ನಾಲ್ಕನೇ ಸುತ್ತು, 112ನೇ ಆಯ್ಕೆ. ಅವನಿಗಿಂತ ಮುಂಚೆ 16 ರಿಸೀವರ್‌ಗಳನ್ನು ಬೇರೆಯವರು ಆರಿಸಿಕೊಂಡರು. ಆ 16 ಜನರ ಹೆಸರೂ ಅವನಿಗೆ ಬಾಯಿಪಾಠ! ಯಾವ ಕಾಲೇಜು ಅಂತಲೂ ಹೇಳುತ್ತಾನೆ. ಇಂಥ ಛಲ ಯಾವ ಸ್ಟಾಪ್‌ವಾಚಿನಲ್ಲಿ ಕಾಣುತ್ತದೆ ಹೇಳಿ.

ಪ್ರಶ್ನೆ: ನನ್ನ ತಮ್ಮ ಡಲ್ಲಾಸ್‌ನಲ್ಲಿದ್ದಾನೆ. ಕೌಬಾಯ್ಸ್ ಬಿಟ್ಟರೆ ಬೇರೆ ತಂಡವೇ ಇಲ್ಲ ಅನ್ನುತ್ತಾನೆ.
– ಓದುಗರು, ಮಂಡ್ಯ

ಕೌಬಾಯ್ಸ್ ಕೊನೆಯ ಸಲ ಸೂಪರ್ ಬೌಲ್ ಆಡಿದ್ದು 1996ರ ಜನವರಿಯಲ್ಲಿ. ಮಾಲೀಕರೂ ಜೆರ್ರಿ ಜೋನ್ಸ್, ಆಟಗಾರರನ್ನು ಆರಿಸುವ ಜನರಲ್ ಮ್ಯಾನೇಜರೂ ಅವರೇ. ತಮ್ಮನ್ನು ತಾವೇ ಕೆಲಸದಿಂದ ತೆಗೆಯುತ್ತಾರಾ? ಆದರೂ ಒಂದು ನ್ಯಾಯದ ಮಾತು: ಡ್ರಾಫ್ಟ್ ಅವರು ಚೆನ್ನಾಗೇ ಮಾಡುತ್ತಾರೆ. 2021ರಲ್ಲಿ 12ನೆಯವನಾಗಿ ಮೈಕಾ ಪಾರ್ಸನ್ಸ್ ಸಿಕ್ಕ. ಅಂಥವನನ್ನು 2025ರ ಆಗಸ್ಟ್‌ನಲ್ಲಿ ಪ್ಯಾಕರ್ಸ್‌ಗೆ ಕೊಟ್ಟರು, ಅಂದರೆ ನಮ್ಮ ತಲೆ ಮೇಲೆ ತಂದು ಹಾಕಿದರು. ಪ್ಯಾಕರ್ಸ್ ನಮ್ಮದೇ ಗುಂಪಿನವರು, ವರ್ಷಕ್ಕೆ ಎರಡು ಸಲ ನಾವು ಅವರ ಎದುರು ಆಡಬೇಕು. ತಮ್ಮನಿಗೆ ನನ್ನ ಸಿಟ್ಟು ತಲುಪಿಸಿ.

ಪ್ರಶ್ನೆ: ಶಿಡೂರ್ ಸ್ಯಾಂಡರ್ಸ್ ಐದನೇ ಸುತ್ತಿಗೆ ಬಿದ್ದಿದ್ದು ಅನ್ಯಾಯ ಅಲ್ವಾ?
– ಓದುಗರು, ಧಾರವಾಡ

ಈ ಕ್ವಾರ್ಟರ್‌ಬ್ಯಾಕ್ 2025ರಲ್ಲಿ ಮೊದಲ ಸುತ್ತಿಗೇ ಹೋಗುತ್ತಾನೆ ಅಂತ ಎಷ್ಟೋ ಜನ ಬರೆದಿದ್ದರು. ಹೋಗಿದ್ದು 144ನೆಯವನಾಗಿ, ಕ್ಲೀವ್‌ಲ್ಯಾಂಡ್‌ಗೆ. ಅದೇ ತಂಡ 94ರಲ್ಲಿ ಡಿಲನ್ ಗೇಬ್ರಿಯಲ್ ಅನ್ನುವ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಆಗಲೇ ತಗೊಂಡಿತ್ತು. ಅನ್ಯಾಯ ಅನ್ನಲಾರೆ. ಟಾಮ್ ಬ್ರೇಡಿ ನಮ್ಮ ಆ್ಯನ್ ಆರ್ಬರ್‌ನಲ್ಲೇ, ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಆಡಿದವನು. 2000ದಲ್ಲಿ 199ನೆಯವನಾಗಿ ಹೋದ. ಲಯನ್ಸ್ ಸೇರಿ ಎಲ್ಲರೂ ಅವನನ್ನು ಬಿಟ್ಟರು. ಮನೆ ಪಕ್ಕದ ಹುಡುಗ ರೀ! ಆಮೇಲೆ ಏಳು ಸೂಪರ್ ಬೌಲ್ ಗೆದ್ದ.

ಪ್ರಶ್ನೆ: ನಮ್ಮ ದೇಶದ ಮೂಲದವರು ಯಾರಾದರೂ ಆಡಿದ್ದಾರಾ?
– ಓದುಗರು, ಉಡುಪಿ

ಬ್ರ್ಯಾಂಡನ್ ಚಿಲ್ಲರ್. ತಂದೆಯ ಕಡೆಯಿಂದ ಭಾರತೀಯ ಮೂಲ, ಲೈನ್‌ಬ್ಯಾಕರ್. 2004ರ ಡ್ರಾಫ್ಟಿನಲ್ಲಿ ನಾಲ್ಕನೇ ಸುತ್ತಿನಲ್ಲಿ ರಾಮ್ಸ್ ಆರಿಸಿತು. ಆಮೇಲೆ ಹೋಗಿದ್ದು ಪ್ಯಾಕರ್ಸ್‌ಗೆ. ಅಷ್ಟು ಊರುಗಳಿದ್ದವು!

ಪ್ರಶ್ನೆ: ಭಾರತದಲ್ಲಿ ಕೂತು ಡ್ರಾಫ್ಟ್ ನೋಡಲು ಯಾವ ಹೊತ್ತು?
– ಓದುಗರು, ದಾವಣಗೆರೆ

ಏಪ್ರಿಲ್ ಕೊನೆಯಲ್ಲಿ ಮೂರು ದಿನ ನಡೆಯುತ್ತದೆ, ಪ್ರತಿ ವರ್ಷ ಒಂದೊಂದು ಊರಿನಲ್ಲಿ. 2024ರಲ್ಲಿ ನಮ್ಮ ಡೆಟ್ರಾಯ್ಟ್‌ನಲ್ಲಾಯಿತು. ಮೂರು ದಿನಕ್ಕೆ 7,75,000 ಜನ ಸೇರಿದ್ದರು. ಆಟ ಇಲ್ಲ, ಚೆಂಡಿಲ್ಲ, ಹೆಸರು ಓದುವುದನ್ನು ಕೇಳಲು ಅಷ್ಟು ಜನ!

ಮೊದಲ ಸುತ್ತು ಇಲ್ಲಿ ಗುರುವಾರ ರಾತ್ರಿ ಎಂಟಕ್ಕೆ, ಅಂದರೆ ನಿಮಗೆ ಶುಕ್ರವಾರ ಬೆಳಗಿನ ಜಾವ ಐದೂವರೆ. ಕೋಟು ಬೂಟು, ಅಳು, ಅಪ್ಪುಗೆ ಎಲ್ಲ ಅವತ್ತೇ. ಅದಕ್ಕಾಗಿ ನಿದ್ದೆ ಕೆಡಬೇಡಿ, ತಿಂಡಿ ತಿನ್ನುತ್ತಾ ಕೊನೆಯ ಭಾಗ ನೋಡಿದರೆ ಸಾಕು. ನಾಲ್ಕರಿಂದ ಏಳನೇ ಸುತ್ತು ಇಲ್ಲಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಶುರು. ನಿಮಗೆ ಅದೇ ಶನಿವಾರ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಕೂತುಕೊಳ್ಳಿ. ಟೀವಿಯವರಿಗೂ ಅಷ್ಟಾಗಿ ಗೊತ್ತಿಲ್ಲದ ಹೆಸರುಗಳು ಬರುತ್ತವೆ. ಇಷ್ಟವಾದ ಎರಡು ಹೆಸರು ಬರೆದಿಟ್ಟುಕೊಂಡು ನನಗೂ ಕಳಿಸಿ, ಅದರಲ್ಲಿ ಒಬ್ಬನಾದರೂ ಲಯನ್ಸ್‌ನವನಾಗಿರಲಿ.