ಮೈಸೂರು ಜಿಲ್ಲೆಯಷ್ಟೂ ಜನರಿಲ್ಲದ ಲಿಥುವೇನಿಯ ಬಾಸ್ಕೆಟ್‌ಬಾಲ್‌ನಲ್ಲಿ ಅಮೆರಿಕವನ್ನು ಸೋಲಿಸುವುದು ಹೇಗೆ?

2023ರ ವಿಶ್ವಕಪ್‌ನಲ್ಲಿ ಲಿಥುವೇನಿಯ ಅಮೆರಿಕವನ್ನು ಸೋಲಿಸಿದ್ದನ್ನು ನೋಡಿ ಕೇಳಿದ್ದೀರಿ. ಜೊತೆಗೆ "ಅಲ್ಲಿನವರೆಲ್ಲ ಎತ್ತರ, ಅದಕ್ಕೇ ಇರಬೇಕು ಅಲ್ಲವೇ?" ಅಂತ ಉತ್ತರವನ್ನೂ ನೀವೇ ಸೇರಿಸಿಬಿಟ್ಟಿದ್ದೀರಿ. ಎರಡು ವರ್ಷ ಓದಿಗೆಂದು ಲಿಥುವೇನಿಯದ ಕೌನಸ್ ಊರಿನಲ್ಲಿದ್ದವನು ನಾನು. ಕಾಲೇಜು ತಂಡದಲ್ಲಿ ಬೆಂಚು ಬಿಸಿ ಮಾಡಿದ ಅನುಭವವೂ ಇದೆ. ಆ ಎತ್ತರದ ಮಾತನ್ನು ಮೊದಲು ಪಕ್ಕಕ್ಕಿಡೋಣ.

ಎತ್ತರ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಲೋಕದಲ್ಲೇ ಅತಿ ಎತ್ತರದ ಜನ ಅಂತ ಹೆಸರಾದವರು ನೆದರ್ಲೆಂಡ್ಸಿನವರು, ಜನಸಂಖ್ಯೆಯೂ ಲಿಥುವೇನಿಯದ ಆರು ಪಟ್ಟು. ಅವರ ಐವರ ಬಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದನ್ನು ಕೇಳಿದ್ದೀರಾ? ಇನ್ನು ಲಿಥುವೇನಿಯದ ಅತಿ ದೊಡ್ಡ ಆಟಗಾರ ಅರ್ವೀದಾಸ್ ಸಬೋನಿಸ್. ಎತ್ತರ 221 ಸೆಂಟಿಮೀಟರ್. ಆದರೆ ಆತನ ಹಳೆಯ ವಿಡಿಯೊ ಹಾಕಿ ನೋಡಿ. ರಿಂಗಿಗೆ ಚೆಂಡು ಬಡಿಯುವುದಕ್ಕಿಂತ ಹೆಚ್ಚಾಗಿ ಕಾಣುವುದು ಆತ ಕೊಡುವ ಪಾಸ್‌ಗಳು. ಬೆನ್ನ ಹಿಂದಿನಿಂದ, ತಲೆಯ ಮೇಲಿನಿಂದ, ಇನ್ನೂ ಓಡಿ ಬರುತ್ತಿರುವವನ ಕೈಗೆ ಸರಿಯಾಗಿ ಹೋಗಿ ಬೀಳುತ್ತವೆ. ಆ ದೇಶದ ಆಟದ ಗುಟ್ಟು ಅಲ್ಲಿದೆ ಅನ್ನುವುದು ನನ್ನ ವಾದ. ಅಲ್ಲಿ ಆಟ ಆಡುವವರಿಗಿಂತ ಆಟ ಗೊತ್ತಿರುವವರೇ ಜಾಸ್ತಿ.

ನಾನು ಬಾಡಿಗೆಗಿದ್ದ ಮನೆಯ ಒಡತಿಗೆ ಎಪ್ಪತ್ತು ದಾಟಿತ್ತು. ನಾನು ಕರೆಯುತ್ತಿದ್ದುದು ಮೊಚ್ಯುತೆ ಅಂತ, ಅವರ ಭಾಷೆಯಲ್ಲಿ ಅಜ್ಜಿ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಅವರ ಭಾಷೆಯ ಇನ್ನೂರು ಪದ ಬಂದರೆ ಹೆಚ್ಚು. (ಬೆಂಕಿಗೆ ಉಗ್ನಿಸ್, ಮಗನಿಗೆ ಸೂನುಸ್, ದೇವರಿಗೆ ದಿಯೆವಾಸ್ ಅನ್ನುವ ಭಾಷೆ ಅದು. ಸಂಸ್ಕೃತ ಒಂಚೂರು ಗೊತ್ತಿದ್ದವರಿಗೆ ಮೊದಲ ವಾರ ಮಜಾ, ಆಮೇಲೆ ವ್ಯಾಕರಣ ಶುರುವಾದರೆ ತಲೆನೋವು.) ಟೀವಿಯಲ್ಲಿ ಪಂದ್ಯ ಬಂತೆಂದರೆ ಅಜ್ಜಿ ಚೆಂಡು ಹಿಡಿದವನನ್ನು ನೋಡುತ್ತಲೇ ಇರಲಿಲ್ಲ. ನಾವೆಲ್ಲ ಚೆಂಡಿನ ಹಿಂದೆ ಕಣ್ಣು ಓಡಿಸಿದರೆ ಅವರ ಬೆರಳು ಪರದೆಯ ಇನ್ನೊಂದು ಮೂಲೆಗೆ ಹೋಗುತ್ತಿತ್ತು. ಅಲ್ಲಿ ಒಬ್ಬ ಎದುರಾಳಿ ಒಂಟಿಯಾಗಿ ನಿಂತಿರುತ್ತಿದ್ದ. "ಗಿನೀಬಾ! ಗಿನೀಬಾ!" ಅಂದರೆ ಡಿಫೆನ್ಸು, ಡಿಫೆನ್ಸು. ಎರಡು ಸೆಕೆಂಡಿನಲ್ಲಿ ಚೆಂಡು ಅವನ ಕೈಗೇ ಹೋಗಿ ಮೂರು ಅಂಕ ಆಗುತ್ತಿತ್ತು. ನಮ್ಮ ಊರಿನಲ್ಲಿ ಜಗಲಿ ಮೇಲೆ ಕೂತ ತಾತಂದಿರು "ಸ್ಲಿಪ್ಪಿನಲ್ಲಿ ಇನ್ನೊಬ್ಬ ಬೇಕಿತ್ತು ಕಣೋ" ಅನ್ನುತ್ತಾರಲ್ಲ, ಹಾಗೆಯೇ.

ಮನೆಯ ಹಿಂದೆ ಸೋವಿಯತ್ ಕಾಲದ ವಠಾರಗಳ ನಡುವೆ ಒಂದು ತುಕ್ಕು ಹಿಡಿದ ರಿಂಗ್ ಇತ್ತು, ಬಲೆ ಇರಲಿಲ್ಲ. ಚಳಿಗಾಲದಲ್ಲಿ ಮಕ್ಕಳು ಮೊದಲು ಸಲಿಕೆ ತಂದು ಹಿಮ ಬಾಚುವುದು, ಆಮೇಲೆ ಆಡುವುದು. ಒಮ್ಮೆ ಶೋಕಿಗೆ ನಾನೂ ಸೇರಿಕೊಂಡೆ. ಡ್ರಿಬಲ್ ಮಾಡುತ್ತಿದ್ದ ಹುಡುಗನ ಹಿಂದೆ ಓಡಿದವನು ಗೋಡೆಗೆ ಡಿಕ್ಕಿ ಹೊಡೆದಂತಾಗಿ ನಿಂತೆ. ಹತ್ತು ವರ್ಷದ ಒಂದು ಹುಡುಗಿ ಕಾಲು ಅಗಲಿಸಿ, ಕೈ ಎದೆಗೆ ಕಟ್ಟಿಕೊಂಡು, ಪುಸ್ತಕದಲ್ಲಿ ಬರೆದ ಹಾಗೆ ನನಗೆ ಸ್ಕ್ರೀನ್ ಹಾಕಿದ್ದಳು, ಅಂದರೆ ಚೆಂಡು ಇರುವವನಿಗೆ ದಾರಿ ಬಿಡಿಸಲು ನನಗೆ ಅಡ್ಡ ನಿಂತಿದ್ದಳು. ನಮ್ಮ ಕಾಲೇಜು ತಂಡದಲ್ಲಿ ಅರ್ಧ ಜನಕ್ಕೆ ಅದು ಬರುತ್ತಿರಲಿಲ್ಲ.

ಇದೆಲ್ಲ ಶುರುವಾಗಿದ್ದು ಹೇಗೆ? ಸ್ವಲ್ಪ ಅದೃಷ್ಟ, ಸ್ವಲ್ಪ ಚಾಲಾಕಿತನ. ಯುರೋಪಿನ ಮೊದಲ ಚಾಂಪಿಯನ್‌ಷಿಪ್ 1935ರಲ್ಲಿ ನಡೆದಾಗ ಗೆದ್ದದ್ದು ಪಕ್ಕದ ಲಾಟ್ವಿಯ. ಆಗ ಲಿಥುವೇನಿಯದವರದ್ದು ಹೇಳಿಕೊಳ್ಳುವಂಥ ತಂಡವೇನಲ್ಲ. ಆದರೆ ಅಮೆರಿಕಕ್ಕೆ ವಲಸೆ ಹೋದ ಲಿಥುವೇನಿಯನ್ನರ ಮಕ್ಕಳು ಅಲ್ಲಿ ಆಟ ಕಲಿತಿದ್ದರು. ಅವರನ್ನು ಕರೆಸಿಕೊಂಡು 1937ರಲ್ಲಿ ಲಾಟ್ವಿಯದ ರಿಗಾಗೆ ಹೋಗಿ ಕಪ್ ಎತ್ತಿಕೊಂಡು ಬಂದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಚಿನ್ನ ಗೆದ್ದಿದ್ದ ಫ್ರಾಂಕ್ ಲೂಬಿನ್ ಕೂಡ ಅಪ್ಪ ಅಮ್ಮನ ನಾಡಿಗೆ ಬಂದು ಪ್ರಾನಾಸ್ ಲೂಬಿನಾಸ್ ಆದ. (ಆ ಬರ್ಲಿನ್ ಫೈನಲ್ ಬಯಲಿನಲ್ಲಿ, ಮಳೆಯಲ್ಲಿ, ಕೆಸರಿನಲ್ಲಿ ನಡೆದು 19-8ಕ್ಕೆ ಮುಗಿದಿತ್ತು. ಇವತ್ತು ಒಂದು ಕ್ವಾರ್ಟರಿನಲ್ಲಿ ಅದಕ್ಕಿಂತ ಹೆಚ್ಚು ಅಂಕ ಬರುತ್ತದೆ.) 1939ರ ಚಾಂಪಿಯನ್‌ಷಿಪ್ ಕೌನಸ್‌ನಲ್ಲೇ. ಅದಕ್ಕೆಂದೇ ಕೆಲವೇ ತಿಂಗಳಲ್ಲಿ ಒಂದು ಒಳಾಂಗಣ ಕ್ರೀಡಾಂಗಣ ಕಟ್ಟಿದರು. ಲಾಟ್ವಿಯ ವಿರುದ್ಧ 37-36, ಕೊನೆಯ ಗಳಿಗೆಯ ಬುಟ್ಟಿ ಲೂಬಿನಾಸ್‌ದು. ಹೊರಗಿನಿಂದ ಆಟಗಾರರನ್ನು ತಂದರು ಅಂತ ಬೇರೆಯವರು ಗೊಣಗಿದರು, ಗೊಣಗಾಟದಲ್ಲಿ ನ್ಯಾಯವೂ ಇತ್ತು ಅನ್ನಿ. ಆದರೆ ಊರಿನ ಮಕ್ಕಳು ಆಗಲೇ ಆಟಕ್ಕೆ ಬಿದ್ದಾಗಿತ್ತು.

ಮರುವರ್ಷವೇ ಸೋವಿಯತ್ ಸೇನೆ ಬಂತು, ದೇಶವೇ ಭೂಪಟದಿಂದ ಮಾಯವಾಯಿತು. ಮುಂದಿನ ಐವತ್ತು ವರ್ಷ ಇವರು ಆಡಿದ್ದು ಬೇರೆ ಹೆಸರಿನ ಅಂಗಿಯಲ್ಲಿ. 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ಗೊತ್ತಲ್ಲ, ಕೊನೆಯ ಮೂರು ಸೆಕೆಂಡನ್ನು ಮತ್ತೆ ಮತ್ತೆ ಆಡಿಸಿ ಸೋವಿಯತ್ ತಂಡ ಅಮೆರಿಕದ ವಿರುದ್ಧ 51-50ರಿಂದ ಗೆದ್ದದ್ದು? ಆ ತಂಡದ ನಾಯಕ ಮೊದೆಸ್ತಾಸ್ ಪೌಲೌಸ್ಕಾಸ್, ಲಿಥುವೇನಿಯದವನು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಂತೂ ಇನ್ನೂ ಸ್ಪಷ್ಟ. ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 82-76ಕ್ಕೆ ಸೋಲಿಸಿ ಚಿನ್ನ ಗೆದ್ದ ಸೋವಿಯತ್ ತಂಡದ ಬೆನ್ನೆಲುಬು ಸಬೋನಿಸ್, ಮರ್ಚುಲಿಯೋನಿಸ್, ಕುರ್ತಿನೈತಿಸ್, ಹೊಮಿಚುಸ್. ನಾಲ್ವರೂ ಲಿಥುವೇನಿಯನ್ನರು. ಪತ್ರಿಕೆಗಳು ಬರೆದದ್ದು ರಷ್ಯನ್ನರು ಗೆದ್ದರು ಅಂತ. ಮನೆಯಲ್ಲಿ ಮಾತ್ರ ಕೌನಸ್‌ನ ಜಾಲ್ಗಿರಿಸ್ ಕ್ಲಬ್ಬು ಮಾಸ್ಕೋದ ಸೇನಾ ತಂಡವನ್ನು ಹಿಂದಿಕ್ಕಿ 1985, 86, 87, ಮೂರು ವರ್ಷ ಸತತ ಸೋವಿಯತ್ ಚಾಂಪಿಯನ್ ಆಗಿತ್ತು. ಬೀದಿಯಲ್ಲಿ ಬಾವುಟ ಹಿಡಿದರೆ ಜೈಲು, ಕ್ರೀಡಾಂಗಣದಲ್ಲಿ ಗಂಟಲು ಹರಿದುಕೊಂಡರೆ ಯಾರೂ ಕೇಳುವಂತಿಲ್ಲ. ಜನ ಎರಡನೆಯದನ್ನು ಹಿಡಿದುಕೊಂಡರು. ಮೊಚ್ಯುತೆ ಆ ವರ್ಷಗಳ ಮಾತು ಬಂದಾಗ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೇ ಮಾತಾಡುತ್ತಿದ್ದರು.

1990ರಲ್ಲಿ ಸ್ವಾತಂತ್ರ್ಯ ಘೋಷಿಸಿದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋಗಬೇಕು, ಖಜಾನೆಯಲ್ಲಿ ದುಡ್ಡಿಲ್ಲ. ಆಗ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನಲ್ಲಿ ಆಡುತ್ತಿದ್ದ ಶರೂನಾಸ್ ಮರ್ಚುಲಿಯೋನಿಸ್ ಅಮೆರಿಕದಲ್ಲಿ ಚಂದಾ ಎತ್ತಲು ಹೊರಟ. ಸಹಾಯಕ್ಕೆ ಬಂದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಗ್ರೇಟ್‌ಫುಲ್ ಡೆಡ್ ಅನ್ನುವ ರಾಕ್ ತಂಡವೂ ಒಂದು. ಅವರ ನೆರವಿನಿಂದ ಬಂದದ್ದು ಬಣ್ಣ ಕಲಸಿ ಚೆಲ್ಲಿದಂಥ ಟೀಶರ್ಟುಗಳು. ಹಳದಿ, ಹಸಿರು, ಕೆಂಪು, ಅಂದರೆ ನಮ್ಮ ಕನ್ನಡ ಬಾವುಟದ ನಡುವೆ ಒಂದು ಹಸಿರು ಪಟ್ಟಿ ಸೇರಿಸಿದ ಹಾಗೆ. ಎದೆಯ ಮೇಲೆ ಚೆಂಡನ್ನು ರಿಂಗಿಗೆ ಬಡಿಯುತ್ತಿರುವ ಅಸ್ಥಿಪಂಜರ.

ಸೆಮಿಫೈನಲ್‌ನಲ್ಲಿ ಜೋರ್ಡಾನ್, ಮ್ಯಾಜಿಕ್, ಬರ್ಡ್ ಇದ್ದ ಅಮೆರಿಕ 127-76ಕ್ಕೆ ಇವರನ್ನು ಉರುಳಿಸಿತು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬೇಕಾಗಿದ್ದದ್ದು ಕಂಚಿನ ಪಂದ್ಯ. ಎದುರಿಗೆ ಹಳೆಯ ಸೋವಿಯತ್ ಗಣರಾಜ್ಯಗಳ ಜಂಟಿ ತಂಡ, ಅದರಲ್ಲಿ ನಾಲ್ಕು ವರ್ಷದ ಹಿಂದೆ ಒಂದೇ ಅಂಗಿ ತೊಟ್ಟಿದ್ದ ಗೆಳೆಯರು. ಗುಂಪಿನ ಹಂತದಲ್ಲಿ ಅದೇ ತಂಡಕ್ಕೆ ಸೋತಾಗಿತ್ತು. ಈ ಸಲ 82-78. ಪದಕ ತೆಗೆದುಕೊಳ್ಳುವಾಗ ತಂಡ ಅದೇ ಅಸ್ಥಿಪಂಜರದ ಟೀಶರ್ಟಿನಲ್ಲಿ ವೇದಿಕೆ ಹತ್ತಿತು. ಆ ಫೋಟೊ ಹುಡುಕಿ ನೋಡಿ. ಒಲಿಂಪಿಕ್ಸ್ ವೇದಿಕೆಯಲ್ಲಿ ಅಷ್ಟು ಗಲೀಜು ಬಟ್ಟೆ, ಅಷ್ಟು ಅಗಲದ ನಗು ಎರಡನ್ನೂ ಒಟ್ಟಿಗೆ ನಾನಂತೂ ಬೇರೆಲ್ಲೂ ನೋಡಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. 1996ರ ಒಲಿಂಪಿಕ್ಸ್‌ನಲ್ಲಿ ಮತ್ತೆ ಕಂಚು, 2000ದಲ್ಲಿ ಮತ್ತೆ ಕಂಚು. 2003ರಲ್ಲಿ ಸ್ಪೇನನ್ನು ಸೋಲಿಸಿ ಯುರೋಪ್ ಚಾಂಪಿಯನ್. 2010ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು, 2013 ಮತ್ತು 2015ರಲ್ಲಿ ಯುರೋಪಿನ ಬೆಳ್ಳಿ. ಹೆಂಗಸರ ತಂಡವೂ 1997ರಲ್ಲಿ ಯುರೋಪ್ ಗೆದ್ದಿದೆ. ಆದರೆ ಒಂದು ಪಂದ್ಯದ ಮೇಲೆ ನಿಲ್ಲಲೇಬೇಕು. 2000ದ ಸಿಡ್ನಿ ಸೆಮಿಫೈನಲ್, ಎದುರಿಗೆ ಎನ್‌ಬಿಎ ಆಟಗಾರರಿಂದಲೇ ತುಂಬಿದ ಅಮೆರಿಕ. ಅಮೆರಿಕ 85, ಲಿಥುವೇನಿಯ 83. ಕೊನೆಯ ಚೆಂಡು ಶರೂನಾಸ್ ಯಾಸಿಕೆವಿಚುಸ್ ಕೈಯಲ್ಲಿ, ಬಿದ್ದರೆ ಮೂರು ಅಂಕ. ಬೀಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎನ್‌ಬಿಎ ಆಟಗಾರರನ್ನೂ ಸೋಲಿಸಬಹುದು ಅಂತ ಜಗತ್ತಿಗೆ ಗೊತ್ತಾಗಿದ್ದು ಅವತ್ತೇ ಅಂತ ನನ್ನ ಲೆಕ್ಕ. ಅದೇ ಯಾಸಿಕೆವಿಚುಸ್ 2004ರ ಅಥೆನ್ಸ್‌ನಲ್ಲಿ 28 ಅಂಕ ಹೊಡೆದು 94-90ಕ್ಕೆ ಅಮೆರಿಕವನ್ನು ಕೆಡವಿ ಬಾಕಿ ತೀರಿಸಿದ. ಇನ್ನೂ ತಮಾಷೆ ಅಂದರೆ ಆ ಕೂಟದ ಕಂಚಿನ ಪಂದ್ಯದಲ್ಲಿ ಮತ್ತೆ ಅದೇ ಅಮೆರಿಕಕ್ಕೆ ಸೋತು ಬರಿಗೈಲಿ ವಾಪಸಾದರು.

ನೀವು ಕೇಳಿದ 2023ರ ಪಂದ್ಯ, ಮನಿಲಾದಲ್ಲಿ, 110-104. ಲಿಥುವೇನಿಯದವರು ದೂರದಿಂದ ಎಸೆದ ಮೊದಲ ಒಂಬತ್ತು ತ್ರೀ-ಪಾಯಿಂಟರ್ ಎಸೆತಗಳೂ ಒಳಗೆ ಬಿದ್ದವು, ಒಂದೂ ತಪ್ಪಲಿಲ್ಲ. ಇದರಲ್ಲಿ ಅದೃಷ್ಟ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಒಂಬತ್ತನ್ನೂ ನಿಧಾನವಾಗಿ ನೋಡಿ. ಹೆಚ್ಚಿನವು ಯಾರೋ ಒಬ್ಬನ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಇನ್ನೊಂದು ಪಾಸ್ ಹೆಚ್ಚು ಕೊಟ್ಟು ಬಂದಂಥವು. ಮೊಚ್ಯುತೆಯ ಬೆರಳು ತೋರಿಸುತ್ತಿದ್ದ ಆ ಒಂಟಿ ಮನುಷ್ಯ ಈ ಸಲ ಇವರ ಕಡೆಯವನು.

ಹಾಗಂತ ಇವರನ್ನು ಅಜೇಯರು ಅಂದುಕೊಳ್ಳಬೇಡಿ. ಅದೇ ಮನಿಲಾದಲ್ಲಿ, ಅದೇ ವಾರ, ಕ್ವಾರ್ಟರ್ ಫೈನಲ್‌ನಲ್ಲಿ ಸರ್ಬಿಯ ಇವರನ್ನು ಹೊರಗೆ ಹಾಕಿತು. ಐದನೇ ಸ್ಥಾನದ ಪಂದ್ಯದಲ್ಲಿ ಲಾಟ್ವಿಯ 98-63ಕ್ಕೆ ಚಚ್ಚಿತು. ಲಾಟ್ವಿಯದಲ್ಲಿ ಇರುವುದು ಇನ್ನೂ ಕಡಿಮೆ ಜನ, ಇಪ್ಪತ್ತು ಲಕ್ಷವೂ ಇಲ್ಲ. 2021ರಲ್ಲಿ ಒಲಿಂಪಿಕ್ಸ್ ಅರ್ಹತಾ ಕೂಟ ಕೌನಸ್‌ನಲ್ಲೇ ಇತ್ತು. ಸ್ಲೊವೇನಿಯದ ಲೂಕಾ ಡಾನ್ಚಿಚ್ 31 ಅಂಕ, 11 ರೀಬೌಂಡ್ (ತಪ್ಪಿ ವಾಪಸಾದ ಚೆಂಡು ಹಿಡಿಯುವುದು), 13 ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್) ಮಾಡಿ 96-85ಕ್ಕೆ ಕಥೆ ಮುಗಿಸಿದ. 1992ರಿಂದ ಒಂದು ಒಲಿಂಪಿಕ್ಸನ್ನೂ ತಪ್ಪಿಸದವರು ಆ ಸಲ ಮನೆಯಲ್ಲಿ ಕೂತು ನೋಡಿದರು, 2024ಕ್ಕೂ ಹೋಗಲಿಲ್ಲ. (ಮೂವರ ಬಾಸ್ಕೆಟ್‌ಬಾಲ್‌ನಲ್ಲಿ ಮಾತ್ರ ಪ್ಯಾರಿಸ್‌ನಿಂದ ಕಂಚು ಬಂತು, ಅದೂ ಲಾಟ್ವಿಯವನ್ನು ಸೋಲಿಸಿ.) ದೊಡ್ಡ ದೇಶಕ್ಕೆ ಒಬ್ಬ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವನು) ಮಂಡಿ ನೋವಿಗೆ ಕೂತರೆ ಅವನ ಹಿಂದೆ ಐದು ಜನ ಸಾಲಿನಲ್ಲಿರುತ್ತಾರೆ. ಇವರಿಗೆ ಆ ಸೌಕರ್ಯ ಇಲ್ಲ. ಒಂದು ತಲೆಮಾರಿನಲ್ಲಿ ಯಾಸಿಕೆವಿಚುಸ್‌ನಂಥ ಗಾರ್ಡ್ ಹುಟ್ಟದಿದ್ದರೆ ಹತ್ತು ವರ್ಷ ಕೊರಗಬೇಕು, ಈಗ ಕೊರಗುತ್ತಿದ್ದಾರೆ. ಜನಸಂಖ್ಯೆಯೂ 1990ರ ಸುಮಾರಿಗೆ 37 ಲಕ್ಷ ಇದ್ದದ್ದು ಈಗ 30 ಲಕ್ಷದೊಳಕ್ಕೆ ಇಳಿದಿದೆ. ಯುವಕರು ಕೆಲಸ ಹುಡುಕಿಕೊಂಡು ದೇಶ ಬಿಟ್ಟರು.

ನಮ್ಮ ಜೊತೆ ಹೋಲಿಸಿ ಅಂತಲೂ ಕೇಳಿದ್ದೀರಿ. ಭಾರತದ ಗಂಡಸರ ತಂಡ ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್ ಆಡಿರುವುದು ಒಂದೇ ಒಂದು ಸಲ, 1980ರ ಮಾಸ್ಕೋದಲ್ಲಿ. ಅಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಇಲ್ಲಿ ಎತ್ತರದ ಹುಡುಗ ಸಿಕ್ಕರೆ ಕೋಚ್ ಅವನನ್ನು ರಿಂಗಿನ ಕೆಳಗೆ ನಿಲ್ಲಿಸಿ "ಕೈ ಎತ್ತು ಸಾಕು" ಅನ್ನುತ್ತಾರೆ. ನನ್ನ ಕಾಲೇಜಿನಲ್ಲಿ ನಡೆದದ್ದೂ ಅದೇ. ಪಾಸ್ ಕೊಡುವುದನ್ನು ಯಾರೂ ಹೇಳಿಕೊಡಲಿಲ್ಲ.

ಕೊನೆಗೆ ನನ್ನ ಕಣ್ಣಾರೆ ಕಂಡದ್ದು. 2011ರಲ್ಲಿ ಯುರೋಪ್ ಚಾಂಪಿಯನ್‌ಷಿಪ್ ಲಿಥುವೇನಿಯದಲ್ಲೇ ನಡೆಯಿತು. ಕಾರುಗಳಿಗೆಲ್ಲ ಬಾವುಟ, ಬಸ್ಸಿನಲ್ಲೂ ಅದೇ ಮಾತು. ಸೆಪ್ಟೆಂಬರ್ 14, ಕ್ವಾರ್ಟರ್ ಫೈನಲ್, ಎದುರಿಗೆ ಮ್ಯಾಸಿಡೋನಿಯ. ಸುಮಾರು ಇಪ್ಪತ್ತು ಲಕ್ಷ ಜನರ ದೇಶ, ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಜ್ಜಿ ಕಪ್ಪು ರೈ ಬ್ರೆಡ್ಡನ್ನು ಉದ್ದುದ್ದಕ್ಕೆ ಕೊಯ್ದು, ಎಣ್ಣೆಯಲ್ಲಿ ಕರಿದು, ಬೆಳ್ಳುಳ್ಳಿ ಉಜ್ಜಿ ತಟ್ಟೆ ತುಂಬ ಇಟ್ಟಿದ್ದರು. ಕೊನೆಯ ಕ್ಷಣಗಳಲ್ಲಿ ಇವರೇ ಮುಂದೆ. ಅಷ್ಟರಲ್ಲಿ ಅಜ್ಜಿಯ ಬೆರಳು ಎದ್ದಿತು, ಬಾಯಿಂದ ಮಾತು ಹೊರಡಲಿಲ್ಲ. ಮ್ಯಾಸಿಡೋನಿಯದ ಇಲಿಯೆವ್‌ಸ್ಕಿ ಹೊರಗಿನಿಂದ ಎಸೆದ ಮೂರು ಅಂಕ ಬಿತ್ತು. 67-65. ವಠಾರದ ಅಷ್ಟೂ ಕಿಟಕಿಗಳು ತೆರೆದಿದ್ದವು, ಒಂದರಿಂದಲೂ ಸದ್ದಿಲ್ಲ. ಬ್ರೆಡ್ಡು ತಟ್ಟೆಯಲ್ಲೇ ತಣ್ಣಗಾಯಿತು.

ಮೂರು ದಿನ ಬಿಟ್ಟು ಐದನೇ ಸ್ಥಾನಕ್ಕೆ ಗ್ರೀಸ್ ಜೊತೆ ಪಂದ್ಯ. ಇದನ್ನು ಯಾರು ನೋಡುತ್ತಾರೆ ಅಂದುಕೊಂಡು ರೂಮಿನಲ್ಲಿ ಓದುತ್ತಾ ಕೂತಿದ್ದೆ. ಬಾಗಿಲ ಸಂದಿಯಿಂದ ಬೆಳ್ಳುಳ್ಳಿಯ ವಾಸನೆ ಬಂತು. ಹೋಗಿ ನೋಡಿದರೆ ಟೀವಿ ಮುಂದೆ ಎರಡು ಕುರ್ಚಿ, ಒಂದರ ಮೇಲೆ ಅಜ್ಜಿ. ನನ್ನ ಕಡೆ ತಿರುಗದೆಯೇ ಇನ್ನೊಂದು ಕುರ್ಚಿಯನ್ನು ಕಾಲಿನಿಂದ ನನ್ನತ್ತ ತಳ್ಳಿದರು.