ಅಮ್ಮ ಬೀಡಿ ಕಟ್ಟಿದ್ದನ್ನು ಬರೆಯಬೇಕಾ, ಬೇಡವಾ?

ಪ್ರಶ್ನೆ: ಅಮ್ಮ ತೀರಿಕೊಂಡು ಮುಂದಿನ ತಿಂಗಳಿಗೆ ಒಂದು ವರ್ಷ. ವರ್ಷಾಂತಿಕಕ್ಕೆ ಬಂದವರ ಕೈಗೆ ಕೊಡಲು ಒಂದು ಸಣ್ಣ ನೆನಪಿನ ಪುಸ್ತಕ ಮಾಡಬೇಕೆಂದಿದ್ದೇವೆ. ಬರೆಯುವ ಕೆಲಸ ನನ್ನದು. ಅಪ್ಪ ಬೇಗ ಹೋದರು. ಅಮ್ಮ ಬೀಡಿ ಕಟ್ಟಿಯೇ ನಮ್ಮ ಮೂವರನ್ನೂ ಓದಿಸಿದ್ದು. ಆದರೆ ದುಬೈಯಲ್ಲಿರುವ ಅಣ್ಣ, "ಬೀಡಿ ವಿಷಯ ಹಾಕಬೇಡ. ನೆಂಟರೆಲ್ಲ ಬರುತ್ತಾರೆ. ಬೀಡಿ ಸೇದಿ ಜನ ಸಾಯ್ತಾರೆ, ಅದನ್ನೇನು ಹೊಗಳೋದು" ಎನ್ನುತ್ತಾನೆ. ಅದನ್ನು ಬಿಟ್ಟರೆ 'ಪ್ರೀತಿಯ ತಾಯಿ, ದೈವಭಕ್ತೆ' ಅನ್ನುವಷ್ಟೇ ಉಳಿಯುತ್ತದೆ. ಏನು ಮಾಡಲಿ?
– ಹೆಸರು ಬೇಡ, ಬಂಟ್ವಾಳ ತಾಲೂಕು

ಉತ್ತರ: ಬರೆಯಿರಿ ತಂಗಿ. ಅದನ್ನೇ ಮೊದಲು ಬರೆಯಿರಿ. 'ಪ್ರೀತಿಯ ತಾಯಿ' ಎಂದು ಯಾರ ಅಮ್ಮನ ಬಗ್ಗೆಯೂ ಬರೆಯಬಹುದು. ಓದಿದವರಿಗೆ ನಿಮ್ಮ ಅಮ್ಮ ಕಣ್ಣಿಗೆ ಕಾಣಬೇಕಲ್ವಾ?

ನನ್ನ ದೊಡ್ಡಮ್ಮನೂ ಬೀಡಿ ಕಟ್ಟಿದವರೇ. ಮನೆ ಪುತ್ತೂರಿನ ಹತ್ತಿರ. ರಜೆ ಬಂದರೆ ನಾವು ಮಕ್ಕಳೆಲ್ಲ ಅಲ್ಲೇ. ರಾತ್ರಿ ಊಟ ಆದ ಮೇಲೆ ಅವರು ಎಲೆಯನ್ನು ನೀರಿಗೆ ಅದ್ದಿ, ಚೆನ್ನಾಗಿ ಕೊಡವಿ, ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದರು. ಬೆಳಿಗ್ಗೆಗೆ ಎಲೆ ಮೆತ್ತಗಾಗಿರಬೇಕು, ಆದರೆ ನೀರು ನಿಂತಿರಬಾರದು. ತಗಡಿನ ಅಚ್ಚನ್ನು ಎಲೆ ಮೇಲಿಟ್ಟು ಕತ್ತರಿಯಲ್ಲಿ ಸುತ್ತ ಕತ್ತರಿಸುವುದು. ಆಮೇಲೆ ಜಗಲಿಯಲ್ಲಿ ಕಾಲು ನೀಡಿ ಕೂತು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡರೆ ಮುಗೀತು. ಎಲೆಗೆ ಒಂದು ಚಿಟಿಕೆ ಹೊಗೆಸೊಪ್ಪಿನ ಹುಡಿ ಹಾಕಿ, ಸುತ್ತಿ, ತುದಿ ಮಡಚಿ, ನೂಲು ಬಿಗಿದು, ಪಟಕ್ ಎಂದು ಹರಿಯುತ್ತಿದ್ದರು. ನಮ್ಮ ಜಗಳ ಬಿಡಿಸುವಾಗಲೂ ಕೈ ನಿಲ್ಲುತ್ತಿರಲಿಲ್ಲ. ಗಂಜಿ ಉಕ್ಕಿದರೆ ಮಾತ್ರ ಏಳುತ್ತಿದ್ದರು.

25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಸಾವಿರ. ಮಜೂರಿ ಸಾವಿರದ ಲೆಕ್ಕದಲ್ಲಿ. ಎಲೆ, ಹುಡಿ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುತ್ತಿದ್ದುದು ಬೀಡಿ ಕಂಪನಿಯ ಬ್ರಾಂಚು. ಅಲ್ಲಿಂದ ಎಲೆ ಹರಕಲು ಬಂದು ಕಡಿಮೆ ಬಿದ್ದರೆ ಕೈಯಿಂದ ದುಡ್ಡು ಹಾಕಿ ಎಲೆ ತರಬೇಕಿತ್ತು. ಬ್ರಾಂಚಿನಲ್ಲಿ ಬೀಡಿ ಸಡಿಲ ಅಂತ ಪಕ್ಕಕ್ಕೆ ಹಾಕಿದರೆ ಅದರ ದುಡ್ಡು ಇಲ್ಲ. ಹಾಗೆ ಆದ ದಿನ ದೊಡ್ಡಮ್ಮ ದಾರಿಯುದ್ದಕ್ಕೂ ಮಾತಾಡುತ್ತಿರಲಿಲ್ಲ. ಇಂಥದ್ದು ನಿಮಗೂ ನೆನಪಿರುತ್ತದೆ. ನಾನು ಹೇಳುವುದಕ್ಕಿಂತ ಜಾಸ್ತಿಯೇ ಗೊತ್ತಿರುತ್ತದೆ.

ಪೆಟ್ಟಿಗೆಯಲ್ಲಿ ಒಮ್ಮೆ ಹುಡುಕಿ. ಬ್ರಾಂಚಿನ ಪಾಸ್ ಪುಸ್ತಕ, ಬೀಡಿ ಕಾರ್ಮಿಕರ ಗುರುತಿನ ಚೀಟಿ, ಪಿ.ಎಫ್. ಕಾಗದ ಸಿಗಬಹುದು. ಇವೆಲ್ಲ ಸುಮ್ನೆ ಬಂದದ್ದಲ್ಲ. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಒಪ್ಪಿದ್ದು 1966ರ ಬೀಡಿ ಕಾರ್ಮಿಕರ ಕಾಯ್ದೆ. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಅದರಿಂದಲೇ ಬೀಡಿ ಕಟ್ಟುವವರ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುತ್ತಿದ್ದುದು. ನಿಮ್ಮ ಮೂವರಲ್ಲಿ ಯಾರಿಗಾದರೂ ಅದು ಬಂದಿತ್ತಾ ನೋಡಿ. ಪಾಸ್ ಪುಸ್ತಕ ಸಿಕ್ಕಿದರೆ ಒಂದು ಪುಟದ ಫೋಟೋ ತೆಗೆದು ಹಾಗೇ ಅಚ್ಚು ಹಾಕಿ. ಒಂದು ವಾರ ಅವರು ಎಷ್ಟು ಕಟ್ಟಿದರು, ಎಷ್ಟು ಸಿಕ್ಕಿತು ಎನ್ನುವುದು ಅಲ್ಲೇ ಕಾಣುತ್ತದೆ.

ಅಮ್ಮನ ಜೊತೆ ಕೂತು ಬೀಡಿ ಕಟ್ಟುತ್ತಿದ್ದ ಅಕ್ಕಂದಿರು ಊರಲ್ಲಿ ಇದ್ದೇ ಇರುತ್ತಾರೆ. ಅವರ ಮನೆಗೆ ಹೋಗಿ, ಮಾತಾಡಿಸಿ. ಮಕ್ಕಳಿಗೆ ಗೊತ್ತಿಲ್ಲದ ಅಮ್ಮ ಅವರಿಗೆ ಗೊತ್ತು. ಯಾವ ಪದ ಹಾಡುತ್ತಿದ್ದರು, ಯಾರಿಗೆ ಬೈಯುತ್ತಿದ್ದರು, ಜ್ವರ ಬಂದ ದಿನ ಅವರ ಲೆಕ್ಕ ಯಾರು ತುಂಬಿಸಿಕೊಟ್ಟರು, ಎಲ್ಲ ಕೇಳಿ. ಅವರ ಹೆಸರನ್ನೂ ಪುಸ್ತಕದಲ್ಲಿ ಹಾಕಿ.

ಇನ್ನು ಅಣ್ಣನ ಮಾತು. ನೆಂಟರು ಏನಂದುಕೊಳ್ಳುತ್ತಾರೆ ಎನ್ನುವುದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಬೀಡಿಯ ದುಡ್ಡು ಬಾರದ ಮನೆಗಳನ್ನು ಹುಡುಕಬೇಕಾದ ಕಾಲವೊಂದಿತ್ತು. ಆದರೆ ಬೀಡಿ ಕೆಟ್ಟದ್ದು ಅನ್ನುವುದು ನಿಜ. ಸೇದಿದವರಿಗೆ ಮಾತ್ರ ಅಲ್ಲ, ಕಟ್ಟಿದವರಿಗೂ. ಆ ಹುಡಿಯ ಘಾಟು ಮನೆಯೊಳಗೇ ಇರುತ್ತದೆ. ದಿನವಿಡೀ ಬಗ್ಗಿ ಕೂತು ಕುತ್ತಿಗೆ, ಸೊಂಟ ಹಿಡಿದುಕೊಳ್ಳುತ್ತದೆ. ದೊಡ್ಡಮ್ಮ ಕೊನೆಯವರೆಗೂ ಕೆಮ್ಮುತ್ತಿದ್ದರು. ನಿಮ್ಮ ಅಮ್ಮನಿಗೂ ಹಾಗಿದ್ದರೆ ಅದನ್ನೂ ಬರೆಯಿರಿ. ಗಂಡ ಇಲ್ಲ, ಮೂರು ಮಕ್ಕಳು. ಅವರನ್ನು ಬಿಟ್ಟು ದೂರ ಹೋಗದೆ ಮನೆಯಲ್ಲೇ ಮಾಡಬಹುದಾದ ಕೆಲಸ ಅದಾಗಿತ್ತು. ನೀವು ಬೀಡಿಯನ್ನು ಹೊಗಳುವುದು ಬೇಡ. ಅಮ್ಮನ ದುಡಿಮೆಯನ್ನು ಮುಚ್ಚಿಡುವುದೂ ಬೇಡ.

ಅಣ್ಣನ ಜೊತೆ ಫೋನಿನಲ್ಲಿ ವಾದ ಮಾಡಬೇಡಿ. ಒಂದು ಪುಟ ಅವರೇ ಬರೆಯಲಿ ಎಂದು ಕೇಳಿ. ಕಾಲೇಜಿನ ಫೀಸು ಕಟ್ಟಲು ಅಮ್ಮ ದುಡ್ಡು ಹೇಗೆ ಹೊಂದಿಸಿದರು ಎನ್ನುವುದು ಮನೆಯ ಹಿರಿಯ ಮಗನಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎರಡು ವಾರ ಸಮಯ ಕೊಡಿ. ಅವರು ಬರೆದದ್ದನ್ನು ತಿದ್ದಬೇಡಿ, ಹಾಗೇ ಹಾಕಿ.