ತುವಾರೆಗ್ ಅಲೆಮಾರಿಗಳ ಸಮಾಜದಲ್ಲಿ ನಿಜವಾಗಿ ಬದಲಾಗಿದ್ದೇನು?

"ಸಹಾರಾದ ತುವಾರೆಗರು ಒಂಟೆ ಬಿಟ್ಟು ಊರು ಸೇರುತ್ತಿದ್ದಾರೆ ಅಂತ ಓದಿದೆ. ಬದಲಾವಣೆ ಅಂದರೆ ಅಷ್ಟೇನಾ, ಒಳಗಿನ ಸಮಾಜವೂ ಬದಲಾಗಿದೆಯಾ?" ಅಂತ ಕೇಳಿದ್ದೀರಿ. ನನ್ನ ಪ್ರಕಾರ ಒಳಗಡೆಯೇ ಹೆಚ್ಚು ಬದಲಾಗಿದೆ. ಅದನ್ನು ತಿಳಿಯಬೇಕಾದರೆ ಮುಂಡಾಸು, ಒಂಟೆ, ಮರಳದಿಣ್ಣೆಯ ಫೋಟೋಗಳನ್ನು ಪಕ್ಕಕ್ಕಿಟ್ಟು ಮೂರು ವಿಷಯ ವಿಚಾರಿಸಬೇಕು: ಬಾವಿಯಿಂದ ನೀರು ಸೇದುವವರು ಯಾರು, ಸಜ್ಜೆ ಕುಟ್ಟುವವರು ಯಾರು, ಮೇಕೆ ಕಾಯುವವರು ಯಾರು. ನೂರು ವರ್ಷದ ಹಿಂದೆ ಈ ಕೆಲಸ ಮಾಡುತ್ತಿದ್ದವರು ಬೇರೆ, ಈಗ ಮಾಡುವವರು ಬೇರೆ.

ನೀರಿನದ್ದೇ ಲೆಕ್ಕ ಹಾಕಿ. ಬೇಸಿಗೆಯಲ್ಲಿ ನಾಲ್ಕೈದು ದಿನ ನೀರು ಕಾಣದ ಒಂಟೆ ಒಂದೇ ಸಲಕ್ಕೆ 80–100 ಲೀಟರ್ ಕುಡಿಯುತ್ತದೆ. 30 ಒಂಟೆಗಳಿಗೆ 2,400 ಲೀಟರ್ ಅಂತಿಟ್ಟುಕೊಳ್ಳಿ. ತೊಗಲ ಚೀಲ 30 ಲೀಟರ್ ಹಿಡಿದರೆ 80 ಸಲ ಸೇದಬೇಕು. ಬಾವಿ 60 ಮೀಟರ್ ಆಳವಿದ್ದರೆ ಹಗ್ಗ ಎಳೆಯುವ ಕತ್ತೆಯೋ ಒಂಟೆಯೋ ಪ್ರತಿ ಸಲ 60 ಮೀಟರ್ ಹೋಗಿ 60 ಮೀಟರ್ ವಾಪಸ್ ಬರಬೇಕು, ಅಂದರೆ ಒಟ್ಟು ಒಂಬತ್ತೂವರೆ ಕಿಲೋಮೀಟರಿಗೂ ಹೆಚ್ಚು. ಹಗ್ಗದ ಪ್ರಾಣಿಯನ್ನು ನಡೆಸಲು ಒಬ್ಬರು, ಬಾವಿಯ ಬಾಯಲ್ಲಿ ಚೀಲ ಹಿಡಿದು ತೊಟ್ಟಿಗೆ ಸುರಿಯಲು ಒಬ್ಬರು, ಬಾಯಾರಿದ ಹಿಂಡು ನುಗ್ಗದಂತೆ ತಡೆದು ಸರದಿಯಲ್ಲಿ ಬಿಡಲು ಇನ್ನೊಬ್ಬರು ಬೇಕು. ದನ, ಮೇಕೆ, ಮನೆಬಳಕೆಯ ನೀರು ಇದರ ಮೇಲೆ. ದೊಡ್ಡ ಹಿಂಡು ಇರಬೇಕಾದರೆ ಮೈಮುರಿಯುವ ಆಳುಗಳೂ ಇರಬೇಕಿತ್ತು.

ಆ ಆಳುಗಳು ಇಕ್ಲಾನರು, ಅಂದರೆ ಗುಲಾಮರು. ದಕ್ಷಿಣದ ಊರುಗಳ ಮೇಲೆ ದಾಳಿ ಮಾಡಿ ಹಿಡಿದು ತಂದವರು, ಕೊಂಡುತಂದವರು, ಅವರ ಸಂತತಿ. ಮೇಲ್ತುದಿಯಲ್ಲಿ ಯೋಧ ಒಡೆಯರಾದ ಇಮಾಜೆಘೆನ್, ಅವರಿಗೆ ಕಪ್ಪ ಕೊಡುತ್ತಿದ್ದ ಇಮ್ಘಾದ್, ಧರ್ಮವಿದ್ಯೆಯ ಇನೆಸ್ಲೆಮೆನ್, ಬೇರೆಯೇ ಗುಂಪಾಗಿ ನಿಲ್ಲುವ ಕಮ್ಮಾರ-ಅಕ್ಕಸಾಲಿ ಇನಾದನ್, ಕೆಳಗೆ ಇಕ್ಲಾನ್. ಸಹಾರಾದ ದಕ್ಷಿಣ ಅಂಚಿನ ಸಾಹೆಲ್ ಕಡೆಯ ಹಲವು ಗುಂಪುಗಳಲ್ಲಿ ಒಡೆಯರಿಗಿಂತ ಇಕ್ಲಾನರ ಸಂಖ್ಯೆಯೇ ಹೆಚ್ಚಿತ್ತು. ನಮ್ಮಲ್ಲಿ ಇದನ್ನು ಓದಿದವರು ಕೂಡಲೇ "ಜಾತಿ" ಅನ್ನುತ್ತಾರೆ. ಒಳಗೊಳಗೇ ಮದುವೆ, ಹುಟ್ಟಿನಿಂದ ಬಂದ ಕಸುಬು ಎಂಬಷ್ಟರ ಮಟ್ಟಿಗೆ ಇನಾದನರಿಗೆ ಆ ಮಾತು ಹೊಂದೀತು. ಉಳಿದವರ ವಿಷಯದಲ್ಲಿ ಅದು ದಾರಿ ತಪ್ಪಿಸುತ್ತದೆ. ಕಪ್ಪ ಕೊಡುತ್ತಿದ್ದ ಗುಂಪು ಹಿಂಡು ಬೆಳೆಸಿಕೊಂಡು ಬಲಿಯುವುದು, ಒಡೆಯರ ಗುಂಪು ಸೋತು ಇಳಿಯುವುದು ಅಲ್ಲಿ ಹಿಂದಿನಿಂದಲೂ ನಡೆದಿದೆ.

ಫ್ರೆಂಚರು ಬಂದು ಒಡೆಯರ ಕತ್ತಿಯನ್ನು ಮುರಿದರು. 1902ರಲ್ಲಿ ಅಹಗ್ಗಾರಿನ (ದಕ್ಷಿಣ ಅಲ್ಜೀರಿಯಾದ ಬೆಟ್ಟಸೀಮೆ) ತಿತ್ ಕದನ. 1916–17ರಲ್ಲಿ ತುವಾರೆಗ್ ನಾಯಕ ಕಾವೊಸೆನ್ ಈಗಿನ ನೀಜೆರ್ (ನೈಜರ್) ದೇಶದ ಅಗಾದೆಜ್ ಕೋಟೆಗೆ ಹಾಕಿದ ಮುತ್ತಿಗೆ, ಅದರ ಸೋಲು. ದಾಳಿ ನಿಂತಿತು, ದಾರಿ ಕಾಯುವ ಸುಂಕ ನಿಂತಿತು. ಪಶ್ಚಿಮ ಆಫ್ರಿಕದಲ್ಲಿ ಗುಲಾಮರನ್ನು ಹಿಡಿಯುವುದನ್ನು ಫ್ರೆಂಚರು 1905ರಲ್ಲೇ ಕಾಗದದ ಮೇಲೆ ನಿಷೇಧಿಸಿದರೂ ಮರುಭೂಮಿಯಲ್ಲಿ ಕಣ್ಣುಮುಚ್ಚಿ ಕುಳಿತರು. ಒಡೆಯರನ್ನು ಕೆಣಕದೆ ತೆರಿಗೆ ವಸೂಲಾದರೆ ಅವರಿಗೆ ಸಾಕಿತ್ತು. ಹೀಗಾಗಿ ಇಕ್ಲಾನರ ಬದುಕು ತಲೆಕೆಳಗಾಗಲು 1968–74ರ ಬರ, ಆಮೇಲೆ 1984–85ರ ಬರ ಬರಬೇಕಾಯಿತು.

ಬರ ಹೇಗೆ ಹಿಂಡನ್ನು ನುಂಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಬಾಯಾರಿಕೆಗಿಂತ ಹಸಿವಿನಿಂದ, ಮೇವಿಲ್ಲದೆ, ಪ್ರಾಣಿ ಸಾಯುತ್ತದೆ. ಅದಕ್ಕೂ ಮೊದಲು ಮಾರುಕಟ್ಟೆ ಕುಟುಂಬವನ್ನು ಮುರಿಯುತ್ತದೆ. ಎಲ್ಲರೂ ಒಟ್ಟಿಗೆ ಬಡಕಲು ಪ್ರಾಣಿಗಳನ್ನು ಮಾರಲು ತರುವುದರಿಂದ ಅವುಗಳ ಬೆಲೆ ಬೀಳುತ್ತದೆ, ಸಜ್ಜೆಯ ಬೆಲೆ ಏರುತ್ತದೆ. ಒಂದು ಮೇಕೆಗೆ ಬರುತ್ತಿದ್ದ ಧಾನ್ಯಕ್ಕೆ ಮೂರು ನಾಲ್ಕು ಮೇಕೆ ಕೊಡಬೇಕಾಗುತ್ತದೆ. ಗಂಡು ಪ್ರಾಣಿಗಳು ಮುಗಿದ ಮೇಲೆ ಹಾಲು ಕೊಡುವ ಹೆಣ್ಣುಗಳನ್ನು ಮಾರುತ್ತಾರೆ. ಅಲ್ಲಿಗೆ ಮುಂದಿನ ವರ್ಷದ ಹಿಂಡೂ ಹೋಯಿತು. ಮಳೆ ಬಂದ ಮೇಲೂ ಬೇಗ ಚೇತರಿಕೆ ಇಲ್ಲ. ಮೇಕೆ ಐದು ತಿಂಗಳಿಗೆ ಈಯುತ್ತದೆ, ಹಸು ಒಂಬತ್ತಕ್ಕೆ. ಒಂಟೆಯ ಗರ್ಭ ಸುಮಾರು 13 ತಿಂಗಳು, ಎರಡು ವರ್ಷಕ್ಕೆ ಒಂದು ಮರಿ. ಅದಕ್ಕೇ ಬರ ಕಳೆದವರು ಮೇಕೆಯಿಂದ ಶುರು ಮಾಡುತ್ತಾರೆ. ಒಂಟೆ ಹಿಂಡು ಮತ್ತೆ ಕಟ್ಟಲು ಹತ್ತು ಹದಿನೈದು ವರ್ಷ ಬೇಕು. ಎರಡು ಬರಗಳ ನಡುವೆ ಸಿಕ್ಕಿದ್ದು ಬರೀ ಹತ್ತು.

ಹಿಂಡು ಹೋದ ಒಡೆಯ ಆಳುಗಳಿಗೆ ಊಟ ಹಾಕಲಾರ. ಇಕ್ಲಾನರು ನೀಜೆರಿನ ರಾಜಧಾನಿ ನಿಯಾಮೆ, ಮಾಲಿಯ ಗಾವೊ, ಅಗಾದೆಜ್ ಪಟ್ಟಣಗಳ ಕಡೆ ನಡೆದರು. ನೀರು ಹೊತ್ತರು, ಸೌದೆ ಮಾರಿದರು, ಕೂಲಿ ಮಾಡಿದರು, ಕೆಲವರು ಹೊಲ ಹಿಡಿದರು. ಒಡೆಯರೂ ನಿರಾಶ್ರಿತರಾಗಿ ನಿಯಾಮೆ ಹತ್ತಿರದ ಲಜಾರೆ ಶಿಬಿರಕ್ಕೆ ಬಂದು ಧಾನ್ಯದ ಸರದಿಯಲ್ಲಿ ನಿಂತರು. ಬರದಲ್ಲಿ ಅಗ್ಗಕ್ಕೆ ಹೋದ ಪ್ರಾಣಿಗಳನ್ನು ಪಟ್ಟಣದ ವ್ಯಾಪಾರಿಗಳು, ಸರ್ಕಾರಿ ನೌಕರರು, ರೈತರು ಕೊಂಡರು. ಅವನ್ನು ಕಾಯಲು ಕೂಲಿಗೆ ಹಿಡಿದದ್ದು ಹಿಂಡು ಕಳೆದುಕೊಂಡ ತುವಾರೆಗರನ್ನೇ. ಇದು ಎಲ್ಲರೂ ತೇಲಿಸಿ ಬಿಡುವ ವಿಷಯ, ನನಗೆ ಬಹಳ ಮುಖ್ಯವಾಗಿ ಕಾಣುವ ವಿಷಯ. ಸ್ವಂತ ಹಿಂಡಿನವನು ದೂರದಲ್ಲಿ ಮಳೆ ಬಿತ್ತು ಅಂದರೆ ಅಂದೇ ಗುಡಾರ ಕಿತ್ತು ಹೊರಡುತ್ತಿದ್ದ. ಕೂಲಿಯವನು ಮಾಲೀಕನ ಮಾತು ಕೇಳಬೇಕು. ಮಾಲೀಕನಿಗೆ ಹಿಂಡು ರಸ್ತೆಯ, ಕೊಳವೆಬಾವಿಯ ಹತ್ತಿರ ಇರಬೇಕು. ಹಾಗಾಗಿ ಕೊಳವೆಬಾವಿಯ ಸುತ್ತ ಹುಲ್ಲು ಬೇರುಸಹಿತ ಹೋಗುತ್ತದೆ. ಅಲೆಮಾರಿಗಳು ಮರುಭೂಮಿ ಹಾಳು ಮಾಡಿದರು ಎಂದು ದೂರುವವರು ಈ ಮಾಲೀಕರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀಜೆರ್ 2010ರಲ್ಲಿ ಪಶುಪಾಲಕರ ಸಂಚಾರವನ್ನು ಹಕ್ಕೆಂದು ಗುರುತಿಸುವ ಸುಗ್ರೀವಾಜ್ಞೆ ತಂದಿದೆ. ಜಾರಿಯಾಗಬೇಕಾದ ಕಡೆ ಹೊಲಗಳು ಆಗಲೇ ಉತ್ತರಕ್ಕೆ ಹಬ್ಬಿವೆ.

ಹೆಂಗಸರ ವಿಷಯಕ್ಕೆ ಬರುತ್ತೇನೆ. ಗುಡಾರ ಹೆಣ್ಣಿನದು. ಮದುವೆಯಲ್ಲಿ ಅವಳ ತವರಿನವರು ಕೊಡುತ್ತಾರೆ. ಅಹಗ್ಗಾರಿನಲ್ಲಿ 30–40 ಮೇಕೆ ಚರ್ಮ ಹೊಲಿದದ್ದು, ನೀಜೆರಿನ ಐರ್ ಬೆಟ್ಟಗಳಲ್ಲಿ ತಾಳೆಗರಿಯ ಚಾಪೆಯದು. ಸಂಬಂಧ ಮುರಿದರೆ ಅವಳು ಗುಡಾರ ಕಿತ್ತು ಕತ್ತೆಯ ಮೇಲೆ ಹೇರಿಕೊಂಡು ಹೊರಡುತ್ತಾಳೆ, ಸೂರಿಲ್ಲದೆ ನಿಲ್ಲುವವನು ಗಂಡ. ಊರಿನಲ್ಲಿ ಮಣ್ಣಿನ ಮನೆ ಬಂದಾಗ ಇದು ತಿರುವುಮುರುವಾಯಿತು. ನಿವೇಶನ ಗಂಡಿನ ಹೆಸರಿಗೆ, ಗೋಡೆ ಕಟ್ಟಿದವನು ಗಂಡು. ವಿಚ್ಛೇದನವಾದರೆ ಈಗ ಹೊರಗೆ ನಡೆಯಬೇಕಾದವಳು ಅವಳು. ಐರ್ ಊರುಗಳಲ್ಲಿ ಮಣ್ಣಿನ ಮನೆಯ ಅಂಗಳದಲ್ಲೇ ಹೆಂಗಸರು ತಮ್ಮ ಗುಡಾರವನ್ನೂ ನಿಲ್ಲಿಸಿಕೊಂಡಿರುವುದು ಇದಕ್ಕೇ.

ಆಸ್ತಿಯೂ ಹಾಗೆಯೇ. ಇಸ್ಲಾಮಿಕ್ ಕಾನೂನಿನಲ್ಲಿ ಮಗಳಿಗೆ ಮಗನ ಅರ್ಧ ಪಾಲು. ಅದನ್ನು ಸರಿದೂಗಿಸಲು ಹಾಲು ಕೊಡುವ ಕೆಲವು ಪ್ರಾಣಿಗಳನ್ನು ಹೆಣ್ಣುಸಂತಾನಕ್ಕೆಂದೇ ಮೀಸಲಿಟ್ಟು, ಮಾರದೆ, ಹಂಚದೆ, ತಾಯಿಯಿಂದ ಮಗಳಿಗೆ ದಾಟಿಸುವ ಪದ್ಧತಿ ಇತ್ತು. ಬರದಲ್ಲಿ ಆ ಪ್ರಾಣಿಗಳು ಸತ್ತಾಗ ಆ ಹಕ್ಕೂ ಸತ್ತಿತು. ಅದರ ಜಾಗಕ್ಕೆ ಬಂದ ತೋಟ, ಮನೆ, ಪಂಪುಗಳು ಬಹುತೇಕ ಗಂಡಸರ ಪಾಲಾದವು. ಒಡೆಯರ ಮನೆಯ ಹುಡುಗಿಯರಿಗೆ ಹಾಲು ಕುಡಿಸಿ ಕುಡಿಸಿ ಮೈ ತುಂಬಿಸುವ ರೂಢಿ ಕ್ಷೀಣಿಸಿದ್ದಕ್ಕೂ ಇದೇ ಕಾರಣ. ಅದಕ್ಕೆ ಹಾಲೂ ಬೇಕು, ಅವಳ ಕೆಲಸವನ್ನೆಲ್ಲ ಮಾಡುವ ದಾಸಿಯೂ ಬೇಕು. ಇಂದು ಅವಳ ಮೊಮ್ಮಗಳು ಒನಕೆ ಹಿಡಿಯುತ್ತಾಳೆ, ಇಲ್ಲವೇ ಊರಿನ ಹಿಟ್ಟಿನ ಗಿರಣಿಗೆ ದುಡ್ಡು ಕೊಡುತ್ತಾಳೆ. ಹೆಣ್ಣಿನ ಮುಖ ತೆರೆದೇ ಇರುತ್ತದೆ, ಮುಸುಕು ಗಂಡಸಿಗೆ. ಈ ಕ್ರಮ ಉಳಿದಿದೆ. ಆದರೆ 2012ರಲ್ಲಿ ಮಾಲಿಯ ಉತ್ತರ ಭಾಗ ಜಿಹಾದಿಗಳ ಕೈಗೆ ಹೋದಾಗ ಅವರು ಹೆಂಗಸರ ಉಡುಪಿನ ಮೇಲೆ, ಸಂಗೀತದ ಮೇಲೆ ನಿರ್ಬಂಧ ಹೇರಿದರು. ಹೆಂಗಸರೇ ನುಡಿಸುವ ಒಂದೇ ತಂತಿಯ ಇಮ್ಜಾದ್ ವಾದ್ಯ 2013ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು; ಆದರೆ ಕಲಿಯಲು ಬರುವ ಹುಡುಗಿಯರು ಕಡಿಮೆ.

ಊರು ಸೇರಿದವರ ಜೀವನ ಹೇಗೆ? ಐರ್ ಬೆಟ್ಟಗಳಲ್ಲಿ ತೋಟಗಾರಿಕೆ. ಹಿಂದೆ ಒಂಟೆ ಅಥವಾ ಎತ್ತು ಹಗ್ಗ ಎಳೆದು ರಾಟೆಯ ಮೇಲೆ ನೀರು ಎತ್ತುತ್ತಿತ್ತು, ನಮ್ಮ ಕಪಿಲೆಯ ಹಾಗೆಯೇ. ಪ್ರಾಣಿ ದಣಿದರೆ ನೀರು ನಿಲ್ಲುತ್ತಿತ್ತು, ಅಷ್ಟರಲ್ಲಿ ಬಾವಿಗೆ ಒರತೆ ತುಂಬುತ್ತಿತ್ತು. ಪೆಟ್ರೋಲಿನಿಂದ ಓಡುವ ನೀರಿನ ಪಂಪು ಬಂದ ಮೇಲೆ ತಬೆಲೋತ್ ಕಡೆ ಈರುಳ್ಳಿ ದೊಡ್ಡ ಬೆಳೆಯಾಯಿತು. ಪಂಪು ಒರತೆಗಿಂತ ಬೇಗ ನೀರು ಎಳೆಯುತ್ತದೆ. ಸಿಮೆಂಟ್ ಉಂಗುರ ಇಳಿಸದ ಬಾವಿಯ ಗೋಡೆ ಕುಸಿಯುತ್ತದೆ. ಅಂತರ್ಜಲ ಇಳಿದಂತೆಲ್ಲ ಅಗೆಯುತ್ತ ಹೋಗಬೇಕು. ಬಿಸಿಲಿಗೆ ಈರುಳ್ಳಿ ಹೆಚ್ಚು ದಿನ ಉಳಿಯದು, ಎಲ್ಲರದೂ ಒಟ್ಟಿಗೆ ಬಂದರೆ ಬೆಲೆ ನೆಲಕ್ಕಿಳಿಯುತ್ತದೆ. ಲಾರಿ ಇಟ್ಟುಕೊಂಡ ವ್ಯಾಪಾರಿ ಬೀಜ, ಪೆಟ್ರೋಲು, ಗೋಣಿಚೀಲ ಸಾಲ ಕೊಟ್ಟಿದ್ದರೆ ಬೆಳೆ ಅವನು ಹೇಳಿದ ದರಕ್ಕೆ ಹೋಗುತ್ತದೆ.

ಲಾರಿ ಬಂದರೂ ಉಪ್ಪಿನ ಒಂಟೆಸಾಲು ಒಮ್ಮೆಲೇ ಸಾಯಲಿಲ್ಲ. ಕೆಲ್ ಎವೆಯ್ ಗುಂಪಿನವರು ಚಳಿಗಾಲದ ಮೊದಲು ತೆನೆರೆ ಮರುಭೂಮಿ ದಾಟಿ ಬಿಲ್ಮಾ ಓಯಸಿಸ್‌ಗೆ ಹೋಗಿ ಉಪ್ಪು, ಖರ್ಜೂರ ತಂದು, ಹಾಗೇ ದಕ್ಷಿಣದ ಹೌಸಾ ನಾಡಿಗೆ ಇಳಿದು ಸಜ್ಜೆ ಕೊಳ್ಳುತ್ತಾರೆ. ದಕ್ಷಿಣದಲ್ಲಿ ಕೊಯ್ಲಾದ ಹೊಲಗಳ ಕೂಳೆ ಒಂಟೆಗಳಿಗೆ ಪುಕ್ಕಟೆ ಮೇವು, ಹೇಗೂ ಅಲ್ಲಿಗೆ ಹೋಗಲೇಬೇಕು. ಅದಕ್ಕೇ ಲಾಭ ಕಡಿಮೆಯಾದರೂ ಪ್ರಯಾಣ ನಡೆಯಿತು. ಅಹಗ್ಗಾರಿನಿಂದ ನೀಜೆರಿಗೆ ಹೋಗುತ್ತಿದ್ದ ಉಪ್ಪಿನ ಸಾಲು ಮಾತ್ರ ಗಡಿ, ಸುಂಕ, ಲಾರಿಗಳ ನಡುವೆ ನಿಂತೇ ಹೋಯಿತು.

ಏರಿದವರು ಇನಾದನರು. ಒಡೆಯ ಮನೆತನದವನಿಗೆ ಸಂತೆಯಲ್ಲಿ ಚೌಕಾಸಿ ಮಾಡುವುದು ನಾಚಿಕೆ. ಅಕ್ಕಸಾಲಿಗೆ ಆ ಸಂಕೋಚವಿಲ್ಲ. ಪ್ರವಾಸಿಗರು ಬಂದಾಗ ಅಗಾದೆಜ್ ಶಿಲುಬೆಯಂಥ ಬೆಳ್ಳಿ ಒಡವೆಗಳನ್ನು ಮಾರಿ, ವಿದೇಶದ ಖರೀದಿದಾರರನ್ನು ಹಿಡಿದು ಮುಂದೆ ಬಂದರು. ಅವರ ಹೆಂಗಸರ ಚರ್ಮದ ಕೆಲಸಕ್ಕೂ ಬೆಲೆ ಬಂತು. 2007ರ ಬಂಡಾಯದಿಂದ ಪ್ರವಾಸ ಕುಸಿದಾಗ ಮೊದಲ ಪೆಟ್ಟು ತಿಂದವರೂ ಅವರೇ. ಅಗಾದೆಜ್ ಯುವಕರು ಲಿಬಿಯಾ ಕಡೆ ವಲಸೆ ಹೋಗುವ ಜನರನ್ನು ಸಾಗಿಸುವ ಪಿಕಪ್ ಓಡಿಸಿದರು. 2015ರ ಕಾನೂನು ಅದನ್ನು ಅಪರಾಧ ಮಾಡಿತು, 2023ರ ನವೆಂಬರಿನಲ್ಲಿ ಸೇನಾ ಸರ್ಕಾರ ಆ ಕಾನೂನನ್ನೇ ರದ್ದು ಮಾಡಿತು. 2014ರಲ್ಲಿ ಜಾದೊ ಪ್ರಸ್ಥಭೂಮಿಯಲ್ಲಿ ಚಿನ್ನ ಸಿಕ್ಕಾಗ ಅಲ್ಲಿಗೂ ಓಡಿದರು.

ಇಕ್ಲಾನರು ಪೂರ್ತಿ ಬಿಡುಗಡೆಯಾದರೇ? ಇಲ್ಲ. ನೀಜೆರಿನಲ್ಲಿ ತಿಮಿದ್ರಿಯಾ ಎಂಬ ಗುಲಾಮಗಿರಿ ವಿರೋಧಿ ಸಂಘಟನೆ 1991ರಿಂದ ಹೋರಾಡುತ್ತಿದೆ, 2003ರಲ್ಲಿ ಗುಲಾಮಗಿರಿ ಶಿಕ್ಷಾರ್ಹ ಅಪರಾಧವಾಯಿತು. ಆದರೆ ನೆಲ, ಬಾವಿಯ ಹಕ್ಕು ಹಳೆಯ ಒಡೆಯರಲ್ಲೇ ಉಳಿದಿರುವ ಕಡೆ ಕಾನೂನು ನೀರು ಕೊಡುವುದಿಲ್ಲ. ಮದುವೆಯಲ್ಲಂತೂ ಹುಟ್ಟಿನ ಮಾತು ಮೊದಲು ಬರುತ್ತದೆ. ಶಾಲೆ ಇವರಿಗೆ ನೆರವಾದದ್ದು ಒಡೆಯರ ಲೆಕ್ಕಾಚಾರ ತಪ್ಪಿದ್ದರಿಂದ: ಫ್ರೆಂಚರು ಮಕ್ಕಳನ್ನು ಕಳಿಸಿ ಅಂದಾಗ ಹಲವು ಒಡೆಯರು ತಮ್ಮ ಮಕ್ಕಳನ್ನು ಅಡಗಿಸಿ ಆಳುಮಕ್ಕಳನ್ನು ಕಳಿಸಿದರು, ಅಕ್ಷರ ಕಲಿತವರು ಅವರಾದರು.

ಇದೆಲ್ಲ ಮಾಲಿಯ ಇಂದಿನ ಯುದ್ಧದಲ್ಲೂ ಇದೆ. "ತುವಾರೆಗ್ ಬಂಡಾಯ" ಎಂದು ಪತ್ರಿಕೆಯಲ್ಲಿ ಓದಿದಾಗ ಯಾವ ತುವಾರೆಗರು ಅಂತ ನೋಡಿ. 2012ರ ಏಪ್ರಿಲ್ 6ರಂದು ಅಜವಾದ್ (ಉತ್ತರ ಮಾಲಿ) ಸ್ವಾತಂತ್ರ್ಯ ಘೋಷಿಸಿದ ಚಳವಳಿಯ ಜೊತೆಗೆ ಅಲ್ಲಿನ ಕಿದಾಲ್ ಪಟ್ಟಣದಲ್ಲಿ ಇಫೋಘಾಸ್ ಒಡೆಯ ಮನೆತನಗಳ ಹಿಡಿತವೂ ಇತ್ತು. ಅದಕ್ಕೆ ಎದುರಾಗಿ 2014ರಲ್ಲಿ ಸರ್ಕಾರದ ಪಕ್ಷ ವಹಿಸಿದ ಗಾತಿಯಾ ಪಡೆ ಕಟ್ಟಿದವರು ಹೆಚ್ಚಾಗಿ ಇಮ್ಘಾದರು, ಅಂದರೆ ಹಿಂದೆ ಕಪ್ಪ ಕೊಡುತ್ತಿದ್ದವರ ವಂಶದವರು. ಅವರ ನಾಯಕ, ಮಾಲಿ ಸೇನೆಯ ಜನರಲ್ ಎಲ್ ಹಜ್ ಅಗ್ ಗಾಮು. 2023ರ ನವೆಂಬರಿನಲ್ಲಿ ಸೇನೆ ಕಿದಾಲ್ ಹಿಡಿದ ಕೆಲವೇ ದಿನಗಳಲ್ಲಿ ಅವರನ್ನೇ ಅಲ್ಲಿನ ಗವರ್ನರ್ ಮಾಡಿದರು.